76 ಬೈಟಿನ ಹಗ್ಗ

1986ರ ಅಕ್ಟೋಬರ್ 1, ಬುಧವಾರ, ಮಧ್ಯಾಹ್ನ 3 ಗಂಟೆ 15 ನಿಮಿಷ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗ. ಟರ್ಮಿನಲ್ ಮುಂದೆ ಕೂತಿದ್ದ ಒಬ್ಬರು ಈಚೆಗೆ ವಾಲಿ, ಮೇಲ್ ಯಾಕೋ ಹೋಗುತ್ತಿಲ್ಲ, ಸ್ವಲ್ಪ ನೋಡು ಎಂದು ಪಕ್ಕದವರನ್ನು ಕರೆದರು. ಪಕ್ಕದವರು ಮಾರಿಯೊ ವೋಲ್ಚ್ಕೊ. ಬಂದು ನೋಡಿದರೆ ತೆರೆಯ ಮೇಲೆ 147ನೇ ನಂಬರಿನ ಬಳಕೆದಾರನ ಬಗ್ಗೆ ಏನೋ ತಕರಾರು. ಯಾರಪ್ಪಾ ಈ 147? ಬಳಕೆದಾರರ ಪಟ್ಟಿ ಇರುವುದು ಇಟಿಸಿ ಡೈರೆಕ್ಟರಿಯ ಪಾಸ್‌ವರ್ಡ್ ಫೈಲಿನಲ್ಲಿ. ಅದರಲ್ಲಿ ಹುಡುಕಲು ಗ್ರೆಪ್ ಕೊಟ್ಟರು. ಅಂಥ ಫೈಲೇ ಇಲ್ಲ ಎಂದಿತು ಯಂತ್ರ. ಇಟಿಸಿಯಲ್ಲಿ ಇನ್ನೇನಿದೆ ನೋಡೋಣ ಎಂದು ಎಲ್‌ಎಸ್ ಹೊಡೆದರು.

ಎಲ್‌ಎಸ್ ಸಿಗಲಿಲ್ಲ ಎಂದಿತು.

ಟರ್ಮಿನಲ್ ಕಲಿಯುವ ಯಾರಿಗೇ ಆಗಲಿ ಮೊದಲ ಪಾಠವೇ ಎಲ್‌ಎಸ್. ಇಲ್ಲಿ ಏನೇನಿದೆ ತೋರಿಸು ಅನ್ನುವ ಎರಡಕ್ಷರದ ಕೇಳಿಕೆ ಅದು. ಕಣ್ಣು ಬಿಟ್ಟು ನೋಡಿದಷ್ಟು ಸಹಜವಾಗಿ ಬೆರಳು ಅದನ್ನು ಒತ್ತುತ್ತದೆ. ಆ ಕಣ್ಣೇ ಇಲ್ಲವಾದಾಗ ಮುಂದೇನು? ಈ ಸಂಗತಿಯನ್ನು ವೋಲ್ಚ್ಕೊ ಆಮೇಲೆ ತಾವೇ ಬರೆದಿಟ್ಟರು. ಯುನಿಕ್ಸ್ ಬಲ್ಲವರು ಸುಮಾರು 40 ವರ್ಷಗಳಿಂದ ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಬಂದಿದ್ದಾರೆ. ನಾನು ಓದುವ ಹೊತ್ತಿಗೆ ನಲವತ್ತು ಐವತ್ತು ಕಮಾಂಡ್‌ಗಳು ನನಗೆ ಬಾಯಿಪಾಠವಾಗಿದ್ದವು. ಓದಿ ಮುಗಿಸಿದ ಮೇಲೆ ಅವನ್ನೆಲ್ಲ ಮೊದಲಿನಿಂದ ಕಲಿಯಬೇಕು ಅನ್ನಿಸಿತು.

ಯಾರೂ ಏನನ್ನೂ ಮುಟ್ಟಬೇಡಿ ಎಂದು ಹೇಳಿ ವೋಲ್ಚ್ಕೊ ಸಿಸ್ಟಂ ಮ್ಯಾನೇಜರ್ ಕೋಣೆಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮ್ಯಾನೇಜರ್ ತಲೆ ಕೈಯಲ್ಲಿಟ್ಟು ಕೂತಿದ್ದಾರೆ. ಪಕ್ಕದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಿಸ್ಟಂ ಪ್ರೋಗ್ರಾಮರ್, ತೆರೆಯನ್ನೇ ನೆಟ್ಟ ನೋಟದಲ್ಲಿ ನೋಡುತ್ತಿದ್ದಾರೆ. ತೆರೆಯ ಮೇಲ್ತುದಿಯಲ್ಲಿ ಎರಡೇ ಸಾಲು.

# ಸಿಡಿ
# ಆರ್‌ಎಂ -ಆರ್‌ಎಫ್ *

ಸಾಲಿನ ಮೊದಲಿಗಿರುವ ಆ ಗುರುತು, ಕೂತವರು ರೂಟ್ ಆಗಿದ್ದಾರೆ ಎಂಬುದಕ್ಕೆ ಸಾಕ್ಷಿ. ರೂಟ್ ಅಂದರೆ ಯಂತ್ರದಲ್ಲಿ ಯಾವ ಬಾಗಿಲಿಗೂ ತಡೆಯಿಲ್ಲದವನು. ಬರೀ ಸಿಡಿ ಅಂದರೆ ನನ್ನ ಮನೆಗೆ ಕರೆದುಕೊಂಡು ಹೋಗು ಅಂತ ಅರ್ಥ. ಈಗಿನ ಲಿನಕ್ಸ್‌ನಲ್ಲಿ ರೂಟ್‌ಗೆ ಬೇರೆಯೇ ಒಂದು ಮನೆ ಇರುತ್ತದೆ. ಆ ಯಂತ್ರದಲ್ಲಿ ರೂಟ್‌ನ ಮನೆ ಇಡೀ ಮರದ ಬುಡವೇ, ಒಂಟಿ ಸ್ಲ್ಯಾಶ್. ಅಲ್ಲಿ ನಿಂತು ಆರ್‌ಎಂ ಅಂದರೆ ಅಳಿಸು. ಅಡ್ಡಗೆರೆಯ ಮುಂದಿನ ಆರ್ ಅಂದರೆ ಒಳಗೊಳಗಿನ ಡೈರೆಕ್ಟರಿಗಳಿಗೂ ಇಳಿದು ಅಳಿಸು. ಎಫ್ ಅಂದರೆ ನನ್ನನ್ನು ಏನೂ ಕೇಳಬೇಡ. ಸ್ಟಾರ್ ಅಂದರೆ ಇಲ್ಲಿರುವುದೆಲ್ಲ.

ಮುಖ್ಯ ಕಮಾಂಡ್‌ಗಳು ಕೂತಿರುವುದು ಬಿನ್ ಡೈರೆಕ್ಟರಿಯಲ್ಲಿ. ಬಿನ್ ಹೋಗಿತ್ತು. ಟೇಪು, ಡಿಸ್ಕುಗಳಿಗೆ ಹೆಸರು ಕೊಡುವ ಡೆವ್ ಹೋಗಿತ್ತು. ಬಳಕೆದಾರರ ಪಟ್ಟಿ, ಜಾಲದ ವಿಳಾಸಗಳು ಇದ್ದ ಇಟಿಸಿ ಹೋಗಿತ್ತು. ಲಿಬ್ ಹೋಗಿತ್ತು. ನ್ಯೂಸ್ ಎಂಬ ಡೈರೆಕ್ಟರಿಯ ಒಳಗೆ ಆರ್‌ಎಂ ಎಲ್ಲೋ ಓಡಾಡುತ್ತಿದ್ದಾಗ ಆ ಪ್ರೋಗ್ರಾಮರ್‌ಗೆ ಎಚ್ಚರವಾಗಿ ತಡೆದು ನಿಲ್ಲಿಸಿದ್ದರು. ಟೆಂಪ್, ಯುಎಸ್‌ಆರ್, ಯೂಸರ್ಸ್, ಈ ಮೂರು ಉಳಿದಿದ್ದವು.

ಯಾಕೆ ಇವೇ ಮೂರು? ಸ್ಟಾರ್ ಗುರುತನ್ನು ಬಿಡಿಸುವುದು ಆರ್‌ಎಂ ಅಲ್ಲ, ನಾವು ಟೈಪ್ ಮಾಡಿದ್ದನ್ನು ಓದುವ ಶೆಲ್. ಅದು ಹೆಸರುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ ಆರ್‌ಎಂ ಕೈಗೆ ಕೊಡುತ್ತದೆ. ಬಿ, ಡಿ, ಇ, ಎಲ್ ಮುಗಿದು ಎನ್‌ಗೆ ಬಂದಾಗ ಕೈ ತಡೆಯಿತು. ಟಿ ಮತ್ತು ಯು ಸಾಲಿನ ಕೊನೆಯಲ್ಲಿ ನಿಂತಿದ್ದವು. ಯೂಸರ್ಸ್ ಒಳಗೆ ಪಿಎಚ್‌ಡಿ ಪ್ರಬಂಧ ಬರೆದು ಮುಗಿಸುವ ಹಂತದಲ್ಲಿದ್ದ ಸಂಶೋಧಕರ ಫೈಲುಗಳಿದ್ದವು. ಹೆಸರಿನ ಮೊದಲಕ್ಷರ ಅವರನ್ನು ಕಾಪಾಡಿತ್ತು!

ವೋಲ್ಚ್ಕೊ ತಮ್ಮ ಟರ್ಮಿನಲ್‌ಗೆ ವಾಪಸು ಬಂದರು. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಪಿಎಸ್ ಇಲ್ಲ. ಎಲ್‌ಎಸ್ ಇಲ್ಲವೇ ಇಲ್ಲ. ಆಗ ಸ್ಲ್ಯಾಶ್‌ಗೆ ಸಿಡಿ ಮಾಡಿ, ಕೊಟ್ಟದ್ದನ್ನು ತೆರೆಗೆ ಹಾಕುವ ಎಕೋ ಬರೆದು ಮುಂದೆ ಒಂದು ಸ್ಟಾರ್ ಇಟ್ಟರು. ಉಳಿದ ಡೈರೆಕ್ಟರಿಗಳ ಹೆಸರು ತೆರೆಯ ಮೇಲೆ ಸಾಲಾಗಿ ಬಿದ್ದವು. ಕಣ್ಣು ಮರಳಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕಮಾಂಡ್ ಕಲಿಕೆಯ ತಿರುಳು ಇಲ್ಲಿದೆ. ಬಿನ್ ಪೂರ್ತಿ ಅಳಿದಿದ್ದರೂ ಸಿಡಿ ಹೇಗೆ ಓಡಿತು? ಎಕೋ ಹೇಗೆ ಓಡಿತು? ಎಲ್‌ಎಸ್ ಒಂದು ಫೈಲು. ಬಿನ್‌ನಲ್ಲಿ ಮಲಗಿರುತ್ತದೆ, ಕರೆದಾಗ ಎದ್ದು ಬಂದು ಕೆಲಸ ಮುಗಿಸಿ ಹೋಗುತ್ತದೆ. ಸಿಡಿ ಹಾಗಲ್ಲ, ಶೆಲ್ಲಿನ ಹೊಟ್ಟೆಯೊಳಗೇ ಇದೆ. ಇರಲೇಬೇಕು. ಅದೂ ಬೇರೆ ಪ್ರೋಗ್ರಾಂ ಆಗಿದ್ದರೆ ತಾನೊಂದೇ ಇನ್ನೊಂದು ಡೈರೆಕ್ಟರಿಗೆ ಹೋಗಿ ಅಲ್ಲೇ ಮುಗಿದುಹೋಗುತ್ತಿತ್ತು, ಶೆಲ್ ನಿಂತಲ್ಲೇ ನಿಂತಿರುತ್ತಿತ್ತು. ಎಕೋಗೆ ಅಂಥ ಅನಿವಾರ್ಯವಿಲ್ಲ. ಬಿನ್‌ನಲ್ಲಿ ಅದೂ ಒಂದು ಫೈಲಾಗಿ ಇತ್ತು, ಅಳಿದೂ ಹೋಗಿತ್ತು. ಆದರೆ ವೋಲ್ಚ್ಕೊ ಬಳಸುತ್ತಿದ್ದ ಶೆಲ್ಲನ್ನು ಬರೆಯುವಾಗ ಬೆಲ್ ಲ್ಯಾಬ್ಸ್‌ನ ಡೇವಿಡ್ ಕಾರ್ನ್ ಎಕೋವನ್ನು ಅದರೊಳಗೇ ಸೇರಿಸಿದ್ದರು. ಸಾಗರದಾಚೆ ಅಮೆರಿಕದಲ್ಲಿ ಒಬ್ಬರು ತೆಗೆದುಕೊಂಡ ಆ ತೀರ್ಮಾನ ಮ್ಯಾಂಚೆಸ್ಟರ್‌ನಲ್ಲಿ ಆ ಹೊತ್ತಿಗೆ ಕೈಗೆ ಸಿಕ್ಕ ಏಕೈಕ ಕಂದೀಲು. ಸ್ಟಾರ್ ಬಿಡಿಸಿದ್ದು ಶೆಲ್, ಬಿಡಿಸಿದ್ದನ್ನು ತೆರೆಗೆ ಹಾಕಿದ್ದೂ ಶೆಲ್. ಹೊರಗಿನ ಒಂದು ಫೈಲೂ ಬೇಕಾಗಲಿಲ್ಲ.

ಇದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ, ಒಂದು ಫೈಲಿಗೂ ಏಟು ಬೀಳದಂತೆ, ಈಗಲೇ ಮಾಡಿ ನೋಡಬಹುದು. ಒಂದು ಹೊಸ ಟರ್ಮಿನಲ್ ಕಿಟಕಿ ತೆರೆಯಿರಿ. ಪಾತ್ ಎಂಬ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು, ಜಾಗ ಬಿಡದೆ ಸಮಚಿಹ್ನೆ ಹಾಕಿ, ಮುಂದೆ ಏನೂ ಬರೆಯದೆ ಎಂಟರ್ ಒತ್ತಿ. ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಶೆಲ್ಲಿನ ನೆನಪು ಅಷ್ಟಕ್ಕೇ ಅಳಿಸಿತು. ಈಗ ಎಲ್‌ಎಸ್ ಹೊಡೆಯಿರಿ, ಸಿಗುವುದಿಲ್ಲ. ಕ್ಯಾಟ್ ಸಿಗುವುದಿಲ್ಲ, ಎಂಕೆಡಿರ್ ಸಿಗುವುದಿಲ್ಲ. ಎಕೋ ಮುಂದೆ ಸ್ಟಾರ್ ಇಟ್ಟು ನೋಡಿ, ನಿಮ್ಮ ಫೈಲುಗಳೆಲ್ಲ ಎದುರಿಗೆ ಬರುತ್ತವೆ. ರೀಡ್ ಕೂಡ ಶೆಲ್ಲಿನೊಳಗೇ ಇರುವುದರಿಂದ, ವೈಲ್ ಸುತ್ತಿನಲ್ಲಿ ರೀಡ್ ಮತ್ತು ಎಕೋ ಕಟ್ಟಿ ಕ್ಯಾಟ್ ಇಲ್ಲದೆ ಫೈಲು ಓದಬಹುದು. ಸಾಕು ಅನ್ನಿಸಿದಾಗ ಕಿಟಕಿ ಮುಚ್ಚಿ, ಇನ್ನೊಂದು ತೆರೆದರೆ ಎಲ್ಲ ಮೊದಲಿನಂತೆಯೇ. ಹೊಸಬರಿಗೆ ನಾನು ಕೊಡುವ ಮೊದಲ ಅಭ್ಯಾಸ ಇದು. ಎರಡನೆಯದು ಟೈಪ್ ಎಂಬ ಕಮಾಂಡ್. ಟೈಪ್ ಸಿಡಿ ಅಂದರೆ ಇದು ನನ್ನೊಳಗೇ ಇದೆ ಅನ್ನುತ್ತದೆ ಶೆಲ್. ಟೈಪ್ ಎಂಕೆಡಿರ್ ಅಂದರೆ ಆ ಫೈಲು ಕೂತಿರುವ ಜಾಗ ತೋರಿಸುತ್ತದೆ.

ಮ್ಯಾಂಚೆಸ್ಟರ್‌ನಲ್ಲಿ ಗಡಿಯಾರ ಓಡುತ್ತಿತ್ತು. ಮ್ಯಾನೇಜರ್ ಬೀರು ತಡಕಿ 4 ವಾರ ಹಿಂದಿನ ಬ್ಯಾಕಪ್ ಟೇಪು ತಂದರು. ಟೇಪಿನಿಂದ ಫೈಲು ಇಳಿಸುವ ರಿಸ್ಟೋರ್ ಇದ್ದದ್ದು ಇಟಿಸಿಯಲ್ಲಿ. ಹೋಯಿತು. ಟೇಪು ಯಂತ್ರಕ್ಕೆ ಹೆಸರೇ ಉಳಿದಿಲ್ಲ, ಡೆವ್ ಹೋಗಿದೆ. ಹೊಸ ಹೆಸರು ಕೊಡುವ ಎಂಕೆನಾಡ್? ಅದೂ ಇಟಿಸಿಯಲ್ಲೇ ಇತ್ತು. ಇದರಂತೆಯೇ ಇರುವ ಇನ್ನೊಂದು ವ್ಯಾಕ್ಸ್ ಯಂತ್ರದಿಂದ ಜಾಲದ ಮೂಲಕ ತರೋಣವೇ? ಜಾಲದಲ್ಲಿ ನಕಲು ಮಾಡುವ ಆರ್‌ಸಿಪಿ ಇದ್ದದ್ದು ಬಿನ್‌ನಲ್ಲಿ, ಫೈಲುಗಳ ಕಟ್ಟು ಬಿಚ್ಚುವ ಟಾರ್ ಇದ್ದದ್ದು ಬಿನ್‌ನಲ್ಲಿ. ಎಫ್‌ಟಿಪಿ ಮಾತ್ರ ಯುಎಸ್‌ಆರ್ ಕೆಳಗೆ ಬದುಕಿತ್ತು, ಆದರೆ ಇಟಿಸಿಯ ಹೋಸ್ಟ್ಸ್ ಫೈಲು ಓದದೆ ಅದು ಅಲುಗಾಡದು. ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆಯೋಣ ಅಂದರೆ ಕಂಪೈಲರ್ ಕೂಡ ಅಳಿದ ಗುಂಪಿನಲ್ಲೇ ಸೇರಿತ್ತು. ಬೂಟ್ ಟೇಪು ಹಾಕಿ ಎಲ್ಲ ಹೊಸದಾಗಿ ಕಟ್ಟುವುದೊಂದು ದಾರಿ. ಡಿಸ್ಕು ಪೂರ್ತಿ ಫಾರ್ಮ್ಯಾಟ್ ಆದರೆ ಪ್ರಬಂಧಗಳ ಗತಿ? ಬಳಕೆದಾರರ ಫೈಲುಗಳ ಬ್ಯಾಕಪ್ ಪ್ರತಿ ಗುರುವಾರ. ಅವತ್ತು ಬುಧವಾರ. ಒಂದು ವಾರದ ಬರವಣಿಗೆ ಅಂಚಿನಲ್ಲಿ ತೂಗಾಡುತ್ತಿತ್ತು.

ಆಗ ವೋಲ್ಚ್ಕೊ ಕಣ್ಣಿಗೆ ಬಿತ್ತು, ತಮ್ಮ ತೆರೆಯ ಇನ್ನೊಂದು ಕಿಟಕಿಯಲ್ಲಿ ಈಮ್ಯಾಕ್ಸ್ ಇನ್ನೂ ತೆರೆದೇ ಇದೆ! ಫೈಲು ಬರೆಯಲು ಒಂದು ಲೇಖನಿ ಸಿಕ್ಕಿತು. ಹೋಸ್ಟ್ಸ್, ಪಾಸ್‌ವರ್ಡ್ ಫೈಲುಗಳನ್ನು ಕೈಯಾರೆ ಬರೆದುಬಿಟ್ಟರೆ ಎಫ್‌ಟಿಪಿ ಏಳುತ್ತದೆ. ಆದರೆ ಬರೆದು ಇಡುವುದೆಲ್ಲಿ? ಇಟಿಸಿ ಡೈರೆಕ್ಟರಿಯೇ ಇಲ್ಲ. ಎಂಕೆಡಿರ್ ಇಲ್ಲ. ಟೆಂಪ್‌ಗೆ ಇಟಿಸಿ ಎಂದು ಹೆಸರು ಬದಲಿಸೋಣ ಅಂದರೆ ಎಂವಿ ಇಲ್ಲ. ಒಂದು ಖಾಲಿ ಡೈರೆಕ್ಟರಿ, ಅಷ್ಟೇ ಬೇಕು. ಅದಕ್ಕೆ ದಾರಿಯಿಲ್ಲ.

ಅಷ್ಟರಲ್ಲಿ ವ್ಯಾಕ್ಸ್ ಅಸೆಂಬ್ಲಿ ಭಾಷೆ ಬಲ್ಲ ಸಹೋದ್ಯೋಗಿ ಬಂದು ಸೇರಿಕೊಂಡರು. ಇಟಿಸಿ ಡೈರೆಕ್ಟರಿ ಮಾಡು ಎಂದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ನೇರವಾಗಿ ಹೇಳುವ ಹನ್ನೆರಡು ಸಾಲಿನಷ್ಟು ಅಸೆಂಬ್ಲಿ ಬರೆಯಲು ಒಂದು ಗಂಟೆ ಹಿಡಿಯಿತು. ಎಂಕೆಡಿರ್ ಮಾಡುವುದೂ ಮೂಲತಃ ಇದನ್ನೇ. ಕಮಾಂಡ್ ಒಂದು ಹಿಡಿಕೆ ಮಾತ್ರ, ಕೆಲಸ ಮಾಡುವುದು ಕರ್ನಲ್, ಅದಿನ್ನೂ ಜೀವಂತವಾಗಿತ್ತು. ಇನ್ನೊಂದು ವ್ಯಾಕ್ಸ್‌ನಲ್ಲಿ ತಯಾರಾದ ಪ್ರೋಗ್ರಾಂ ಬರೀ 76 ಬೈಟು. ಕನ್ನಡದ ಒಂದು ಅಕ್ಷರಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟು ಬೇಕು, ಅಂದರೆ ಇಪ್ಪತ್ತೈದು ಸಂಕೇತಗಳಷ್ಟು ಗಾತ್ರ. ಪ್ರಪಾತಕ್ಕೆ ಇಳಿಬಿಡಲು ಅವರ ಬಳಿ ಇದ್ದ ಹಗ್ಗ ಅಷ್ಟುದ್ದ. ಅದನ್ನು ಹೆಕ್ಸ್ ಅಂಕಿಗಳಿಗೆ ತಿರುಗಿಸಿದರು. ಒಟ್ಟು 152 ಅಂಕಿ. ಒಂದೊಂದನ್ನೇ ಈಮ್ಯಾಕ್ಸ್‌ನಲ್ಲಿ ಬೆರಳಿನಿಂದ ಒತ್ತಿದರು. ಹೆಕ್ಸ್‌ನಿಂದ ಬೈನರಿ ಮಾಡುವ ಚಿಕ್ಕ ಪ್ರೋಗ್ರಾಂ ವೋಲ್ಚ್ಕೊ ಬಳಿ ಇತ್ತು. ಯುಎಸ್‌ಆರ್ ಕೆಳಗೆ ಉಳಿದಿದ್ದ ಸಮ್ ಕಮಾಂಡ್‌ನಿಂದ ಮೂಲದ ಜೊತೆ ತಾಳೆ ನೋಡಿದರು. ತಾಳೆಯಾಯಿತು. ಒಂದು ಅಂಕಿಯೂ ತಪ್ಪಿರಲಿಲ್ಲ.

ಓಡಿಸಬೇಕು. ಓಡಿಸಲು ಫೈಲಿಗೆ ಓಡುವ ಅನುಮತಿ ಬೇಕು. ಅನುಮತಿ ಕೊಡುವುದು ಸಿಎಚ್‌ಮಾಡ್. ಸಿಎಚ್‌ಮಾಡ್ ಇದ್ದದ್ದು ಬಿನ್‌ನಲ್ಲಿ!

ಎಲ್ಲರೂ ಒಂದೆರಡು ನಿಮಿಷ ಯೋಚಿಸಿದರು. ಆಮೇಲೆ ಹೊಳೆಯಿತು. ಅನುಮತಿ ಅಂಟಿಕೊಂಡಿರುವುದು ಫೈಲಿಗೇ ಹೊರತು ಒಳಗೆ ಬರೆದದ್ದಕ್ಕಲ್ಲ. ಮೊದಲೇ ಓಡುವ ಅನುಮತಿ ಇರುವ ತಮ್ಮದೇ ಒಂದು ಹಳೆಯ ಪ್ರೋಗ್ರಾಂ ಮೇಲೆ ಈ 76 ಬೈಟುಗಳನ್ನು ಬರೆದರು. ಒಳಗಿನದು ಬದಲಾಯಿತು, ಅನುಮತಿ ಹಾಗೇ ಉಳಿಯಿತು. ಈ ಭಾಗ ಬಂದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಇನ್ನೊಂದು ಗಂಡಾಂತರ ಬಾಕಿಯಿತ್ತು. ಸ್ಲ್ಯಾಶ್‌ನಲ್ಲಿ ಡೈರೆಕ್ಟರಿ ಮಾಡಲು ರೂಟ್ ಆಗಿರಬೇಕು. ರೂಟ್ ಆಗುವುದು ಎಸ್‌ಯು ಕಮಾಂಡ್‌ನಿಂದ, ಅದೂ ಬಿನ್‌ನೊಂದಿಗೆ ಹೋಗಿತ್ತು. ಇಡೀ ಯಂತ್ರದಲ್ಲಿ ಆಸರೆಯಾಗಿ ಉಳಿದದ್ದು ಒಂದೇ ಕಡೆ, ಅನಾಹುತ ನಡೆದ ಅದೇ ಟರ್ಮಿನಲ್. ಆ ಪ್ರೋಗ್ರಾಮರ್ ಗಾಬರಿಯಲ್ಲಿ ಲಾಗೌಟ್ ಮಾಡಿ ಎದ್ದು ಹೋಗಿದ್ದರೆ ಈ ಎಲ್ಲ ಶ್ರಮ ನೀರುಪಾಲು. ಅವರು ಎದ್ದಿರಲಿಲ್ಲ. ಎರಡು ಸಾಲಿನ ಕೆಳಗೆ ರೂಟ್‌ನ ಆ ಗುರುತು ಇನ್ನೂ ಮಿನುಗುತ್ತಿತ್ತು.

ಅಲ್ಲಿಗೆ ಹೋದರು. ಹೊಸ ಡೈರೆಕ್ಟರಿಯೊಳಗೆ ವೋಲ್ಚ್ಕೊ ಕೂಡ ಬರೆಯುವಂತಾಗಬೇಕು, ಅದಕ್ಕೆ ಯೂಮಾಸ್ಕ್ ಸೊನ್ನೆ ಮಾಡಲು ಮರೆಯಲಿಲ್ಲ. ಪ್ರೋಗ್ರಾಂ ಹೆಸರು ಹೊಡೆದು ಎಂಟರ್ ಒತ್ತಿದರು.

ಇಟಿಸಿ ಎದ್ದಿತು.

ಮುಂದಿನದು ಇಳಿಜಾರಿನ ದಾರಿ. ಪಾಸ್‌ವರ್ಡ್, ಹೋಸ್ಟ್ಸ್ ಮತ್ತು ಬೇಕಾದ ಇನ್ನೊಂದಿಷ್ಟು ಫೈಲುಗಳನ್ನು ಈಮ್ಯಾಕ್ಸ್‌ನಲ್ಲಿ ಬರೆದರು. ಎಫ್‌ಟಿಪಿ ಮಾತಾಡಿತು. ಬಿನ್‌ನ ಫೈಲುಗಳು ಜಾಲದ ಮೂಲಕ ಒಂದೊಂದಾಗಿ ಬಂದಿಳಿದವು, ಎಲ್‌ಎಸ್ ಕೂಡ. ಟೇಪು ಓದುವ ಪ್ರೋಗ್ರಾಂ ಬಂತು. 4 ವಾರ ಹಿಂದಿನ ಟೇಪಿನಿಂದ ಡೆವ್ ಮರಳಿತು. ಯೂಸರ್ಸ್ ಒಳಗಿನ ಪ್ರಬಂಧಗಳು ಇಟ್ಟಲ್ಲೇ ಇದ್ದವು. ಮಾರನೆಯ ದಿನ ಗುರುವಾರ, ಅವನ್ನು ಟೇಪಿಗೆ ಇಳಿಸುವ ದಿನ.