ಮಾಲ್ಗುಡಿಗೆ ಎರಡು ಟಿಕೆಟ್ ಕೊಡಿ!

ಮಾಲ್ಗುಡಿ ಎಲ್ಲಿದೆ? ಮೈಸೂರಿನವರನ್ನು ಕೇಳಿದರೆ ‘ನಮ್ಮಲ್ಲೇ’ ಅಂತಾರೆ. ಓದಿಕೊಂಡವರನ್ನು ಕೇಳಿದರೆ, ಅದು ಆರ್.ಕೆ. ನಾರಾಯಣ್ ತಲೆಯೊಳಗಿದ್ದ ಊರು, ನಕ್ಷೆಯಲ್ಲಿ ಹುಡುಕಬೇಡಿ ಅಂತಾರೆ. ಅನ್ನಲಿ ಬಿಡಿ. ನಮ್ಮಂಥ ಸಿನಿಮಾ ಹುಚ್ಚರಿಗೆ ಮಾಲ್ಗುಡಿ ಇರೋದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಶಂಕರಣ್ಣ ಅಲ್ಲಿ ಕ್ಯಾಮೆರಾ ಇಟ್ಟ, ಮಾಲ್ಗುಡಿ ಅಲ್ಲೇ ಬೇರು ಬಿಡ್ತು!

ಶಿವಮೊಗ್ಗದಲ್ಲಿ ಬಸ್ಸು ಹತ್ತಿ, ‘ಮಾಲ್ಗುಡಿಗೆ ಎರಡು ಕೊಡಿ’ ಅಂದವನು ನಮ್ಮ ಕೀಪರ್. ಕಂಡಕ್ಟರ್ ಮಾರಾಯರು ಮುಖ ನೋಡಿ, ‘ಆಗುಂಬೆ ತಾನೆ?’ ಅಂತ ಟಿಕೆಟ್ ಹರಿದು ಕೊಟ್ಟರು. ಇಂಥವರನ್ನು ಅವರು ಎಷ್ಟು ಜನ ನೋಡಿದ್ದಾರೋ!

ಕೀಪರ್ ಅಂದರೆ ವಿಕೆಟ್ ಕೀಪರ್. ದಾವಣಗೆರೆ ಕಡೆಯ ನಮ್ಮೂರಲ್ಲಿ ಹನ್ನೊಂದು ಜನರ ಟೀಮು ಕಟ್ಟಿದ್ದೆವು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ನಮಗೆ ಮರೆತೇ ಹೋಗಿದೆ. ಮುಂದಿನ ತಿಂಗಳು ಅವನು ದಮ್ಮಾಮಿಗೆ ಹಾರುತ್ತಿದ್ದಾನೆ, ಎರಡು ವರ್ಷದ ಕರಾರು. ‘ಹೋಗೋಕೆ ಮುಂಚೆ ಒಂದ್ಸಲ ಸ್ವಾಮಿ ಊರು ತೋರಿಸೋ’ ಅಂತ ಗಂಟುಬಿದ್ದ. ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದ ನನ್ನಂಥವನಿಗೆ ಬೇರೆ ಕೆಲಸವಾದರೂ ಏನು? ಹೊರಟೆವು.

ತೀರ್ಥಹಳ್ಳಿ ದಾಟಿದ ಮೇಲೆ ರಸ್ತೆಯ ಬಣ್ಣವೇ ಬೇರೆ. ಎರಡೂ ಕಡೆ ಕಾಡು ಒತ್ತಿಕೊಂಡು ಬರುತ್ತೆ, ಬಸ್ಸಿನೊಳಗೆ ಮಧ್ಯಾಹ್ನವೇ ಸಂಜೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ನಮ್ಮ ಬಯಲುಸೀಮೆಯಲ್ಲಿ ಹತ್ತು ವರ್ಷಕ್ಕೂ ಅಷ್ಟು ಸುರಿಯುತ್ತೋ ಇಲ್ಲವೋ! ದಸರಾ ಮುಗಿದಿತ್ತು, ಆದರೂ ಇಳಿದ ಕೂಡಲೇ ಜಡಿ ಹಿಡಿಯಿತು. ಸೂರ್ಯಾಸ್ತ ನೋಡುವ ಜಾಗಕ್ಕೆ ಹೋದೆವು. ಅರಬ್ಬಿ ಸಮುದ್ರದಲ್ಲಿ ಸೂರ್ಯ ಮುಳುಗೋದು ಇಲ್ಲಿಂದ ಕಾಣುತ್ತೆ ಅಂತ ಪ್ರತೀತಿ. ನಮಗೆ ಕಂಡದ್ದು ಮಂಜು, ಮಂಜಿನೊಳಗೆ ಜೋಳ ಮಾರುವವನ ಕೆಂಡ.

ಸೂರ್ಯ ಹಾಳಾಗಲಿ, ನಾವು ಬಂದದ್ದು ದೊಡ್ಡಮನೆ ನೋಡೋಕೆ. ಸ್ವಾಮಿಯ ಮನೆ! ಹಂಚಿನ ಮಾಡು, ಮರದ ಕಂಬ, ನಡುವೆ ಅಂಗಳ. ಬಾಗಿಲಲ್ಲಿ ನಿಂತರೆ ಒಳಗಿಂದ ಗಿರೀಶ್ ಕಾರ್ನಾಡ್ ಕನ್ನಡಕ ಸರಿಮಾಡಿಕೊಂಡು ‘ಲೆಕ್ಕ ಮಾಡಿದೆಯಾ?’ ಅಂತ ಬಂದೇಬಿಡ್ತಾರೆ ಅನ್ನೋ ಭಯ. ವೈಶಾಲಿ ಕಾಸರವಳ್ಳಿ ಅಮ್ಮನಾಗಿ ಓಡಾಡಿದ ಮನೆ ಇದು. ಕೀಪರ್ ಒಂದು ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನಗಬೇಡಿ. ಇದು ಸೆಟ್ ಅಲ್ಲ, ಸಂಸಾರ ನಡೆಯೋ ಮನೆ. ಬಂದವರಿಗೆ ಕಷಾಯ, ಊಟ ಕೊಟ್ಟು, ಅವರು ಕೊಟ್ಟಷ್ಟು ತಗೊಳ್ಳೋ ಮನೆ ಅಂತ ಹೆಸರಾದದ್ದು. ಹೋಗುವವರು ಮೊಬೈಲ್ ಎತ್ತಿಕೊಂಡು ಅಡುಗೆಮನೆಗೇ ನುಗ್ಗೋದನ್ನು ಮಾತ್ರ ದಯವಿಟ್ಟು ಬಿಡಿ.

ಈಗಿನ ಹುಡುಗರಿಗೆ ಸ್ವಲ್ಪ ಫ್ಲ್ಯಾಶ್‌ಬ್ಯಾಕ್. ನಾರಾಯಣ್ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದದ್ದು 1935ರಲ್ಲಿ. ದೇವ್ ಆನಂದ್ ಅವರ ‘ಗೈಡ್’ (1965) ನಾರಾಯಣ್ ಕಥೆಯನ್ನು ರಾಜಸ್ಥಾನಕ್ಕೆ ಹೊತ್ತೊಯ್ದಾಗ ಲೇಖಕರು ಮುನಿಸಿಕೊಂಡಿದ್ದರು. ಅಂಥವರ ಕಥೆಗಳನ್ನು ನಮ್ಮ ಆಟೋರಾಜ ಕೈಗೆತ್ತಿಕೊಂಡ! ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಶುರುವಾದದ್ದು 1986ರಲ್ಲಿ. ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್, ಗೆರೆಗಳು ನಾರಾಯಣ್ ತಮ್ಮ ಆರ್.ಕೆ. ಲಕ್ಷ್ಮಣ್ ಅವರದು. ಸ್ವಾಮಿಯಾದದ್ದು ಮಾಸ್ಟರ್ ಮಂಜುನಾಥ್. ‘ಅಗ್ನಿಪಥ್’ನಲ್ಲಿ (1990) ಅಮಿತಾಭ್‌ನ ಬಾಲ್ಯವನ್ನು ಅಭಿನಯಿಸಿದವನೂ ಇದೇ ಹುಡುಗ. ಅದೇ ವರ್ಷ ಸೆಪ್ಟೆಂಬರ್ 30ರಂದು ಆನಗೋಡಿನ ಹತ್ತಿರ ಹೆದ್ದಾರಿಯಲ್ಲಿ ಶಂಕರಣ್ಣನ ಕಾರು... ಮೂವತ್ತೈದು ವಯಸ್ಸು. ನಾನಾಗ ಹುಟ್ಟಿರಲಿಲ್ಲ. ಆದರೆ ಆ ದಾರಿಯಲ್ಲಿ ಬಸ್ಸು ಹೋದಾಗೆಲ್ಲ ನಮ್ಮೂರ ದೊಡ್ಡವರು ಮಾತು ನಿಲ್ಲಿಸಿ ಹೊರಗೆ ನೋಡೋದನ್ನು ಕಂಡಿದ್ದೇನೆ.

ಬೀದಿ ಬದಿಯ ಚಹಾದಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಶೂಟಿಂಗ್ ನಡೆದಾಗ ಹುಡುಗನಾಗಿದ್ದರಂತೆ. ‘ಗುಂಪಲ್ಲಿ ನಾನೂ ನಿಂತಿದ್ದೆ ಮಾರಾಯ್ರೆ. ಟೀವಿಲಿ ಬಂತು. ನಮ್ಮನೇಲಿ ಟೀವಿ ಇರ್ಲಿಲ್ಲ, ನೋಡಿದೋರು ಹೇಳಿದ್ರು’ ಅಂತ ನಕ್ಕರು. ಆಮೇಲಾದರೂ ನೋಡಿದ್ರಾ ಅಂದರೆ, ‘ನೋಡ್ದೆ. ಆದ್ರೆ ಅದ್ರಲ್ಲಿ ನಾನು ಯಾರು ಅಂತ್ಲೇ ಗೊತ್ತಾಗ್ಲಿಲ್ಲ’ ಅಂದರು.

ಮಳೆ ನಿಂತ ಹೊತ್ತಲ್ಲಿ ನಾಲ್ಕೈದು ಹುಡುಗರು ಟೆನ್ನಿಸ್ ಬಾಲಿನಲ್ಲಿ ಕ್ರಿಕೆಟ್ ಶುರುಮಾಡಿದರು. ಕೀಪರ್ ಸುಮ್ಮನಿರ್ತಾನಾ? ಪ್ಯಾಂಟು ಮಡಿಚಿ ಸ್ಟಂಪಿನ ಹಿಂದೆ ಕೂತ. ಎರಡೇ ಓವರು. ಒಬ್ಬ ಪೋರ ಎತ್ತಿ ಹೊಡೆದ ಚೆಂಡು ಪೊದೆಯೊಳಗೆ ಹೋಯಿತು. ಯಾರೂ ಹೋಗಲೊಲ್ಲರು! ‘ಉಂಬಳ ಅದಾವಣ್ಣ’ ಅಂದ ಒಬ್ಬ. ‘ಕಾಳಿಂಗ ಇರ್ತದೆ’ ಅಂದ ಇನ್ನೊಬ್ಬ. ಕಾಳಿಂಗ ಸರ್ಪದ ಅಧ್ಯಯನಕ್ಕೇ ಕೇಂದ್ರವಿರೋ ಊರು ಅದು, ಹುಡುಗಾಟವಲ್ಲ. ಆಟ ಅಲ್ಲಿಗೆ ಮುಗೀತು.

ಆಗ ನನಗೆ ನೆನಪಾದದ್ದು ಅಮೆರಿಕದ ‘ದಿ ಸ್ಯಾಂಡ್‌ಲಾಟ್’ (1993). ಅಲ್ಲಿಯವರಿಗೆ ಬೇಸ್‌ಬಾಲ್ ಅಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. 1962ರ ಬೇಸಿಗೆ ರಜೆ, ಖಾಲಿ ನಿವೇಶನದಲ್ಲಿ ಬೇಸ್‌ಬಾಲ್ ಆಡೋ ಹುಡುಗರು. ಬೇಬ್ ರೂತ್ ಎಂಬ ಮಹಾ ಆಟಗಾರನ ಸಹಿ ಇದ್ದ ಚೆಂಡು ಬೇಲಿಯಾಚೆ ಬೀಳುತ್ತೆ. ಆಚೆ ಕಡೆ ಆನೆಮರಿಯಂಥ ನಾಯಿ! ಅದನ್ನು ತರೋದೇ ಕಥೆ. ಡೇವಿಡ್ ಮಿಕ್ಕಿ ಇವಾನ್ಸ್ ನಿರ್ದೇಶನ. ಕಥೆ ನಡೆಯೋದು ಕ್ಯಾಲಿಫೋರ್ನಿಯಾದಲ್ಲಿ, ಚಿತ್ರೀಕರಣ ಮಾಡಿದ್ದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಇಪ್ಪತ್ತು ವರ್ಷ ತುಂಬಿದಾಗ, 2013ರಲ್ಲಿ, ಅಭಿಮಾನಿಗಳಿಗಾಗಿ ಆ ಮೈದಾನವನ್ನು ಮತ್ತೆ ಸಿನಿಮಾದಲ್ಲಿ ಇದ್ದ ಹಾಗೇ ಮಾಡಿದ್ದರು. ಅಲ್ಲಿಯೂ ದೊಡ್ಡ ದೊಡ್ಡ ಗಂಡಸರು ಬಂದು ಮಣ್ಣು ಮುಟ್ಟಿ ನೋಡ್ತಾರಂತೆ. ಕಂಬ ಮುಟ್ಟಿದ ನಮ್ಮ ಕೀಪರ್ ಒಬ್ಬನೇ ಅಲ್ಲ ಅಂತಾಯ್ತು.

ಸ್ವಾಮಿಯ ಕಥೆ ಮಾತ್ರ ಅಷ್ಟು ಸುಖವಾಗಿ ಮುಗಿಯೋದಿಲ್ಲ. ರಾಜಮ್ ಕ್ಯಾಪ್ಟನ್, ಪೊಲೀಸ್ ಅಧಿಕಾರಿಯ ಮಗ. ಮಣಿ ಕೈಯಲ್ಲಿ ದೊಣ್ಣೆ ಹಿಡಿದ ಪೈಲ್ವಾನ. ಸ್ವಾಮಿ ಬೌಲರ್, ಟೀಮಿನ ‘ಟೇಟ್’! ಮೂವರೂ ಸೇರಿ ಎಂ.ಸಿ.ಸಿ. ಕಟ್ಟುತ್ತಾರೆ, ಅಂದರೆ ಮಾಲ್ಗುಡಿ ಕ್ರಿಕೆಟ್ ಕ್ಲಬ್. ಮ್ಯಾಚಿನ ಹೊತ್ತಿಗೆ ಸ್ವಾಮಿ ಊರುಬಿಟ್ಟು ಓಡಿ, ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಮ್ಯಾಚು ಸೋಲುತ್ತೆ. ರಾಜಮ್ ಮಾತು ಬಿಡ್ತಾನೆ. ಆಮೇಲೆ ಅಪ್ಪನಿಗೆ ವರ್ಗ ಆಗುತ್ತೆ.

ನಮ್ಮ ಟೀಮಿಗೂ ಒಬ್ಬ ಕ್ಯಾಪ್ಟನ್ ಇದ್ದ, ಅವನೂ ಸರ್ಕಾರಿ ಅಧಿಕಾರಿಯ ಮಗನೇ. ಬ್ಯಾಟು ತರೋಕೆ ಎಲ್ಲರೂ ಕೂಡಿಸಿದ್ದ ದುಡ್ಡು ಒಂದು ದಿನ ಕಾಣೆಯಾಯಿತು. ಎಲ್ಲರ ಮುಂದೆ ಕೀಪರ್ ಅವನ ಕೊರಳಪಟ್ಟಿ ಹಿಡಿದು ‘ಕಳ್ಳ’ ಅಂದುಬಿಟ್ಟ. ಅವನು ಎದುರು ಮಾತಾಡಲಿಲ್ಲ. ತಿಂಗಳೊಳಗೆ ಅವರ ಸಾಮಾನು ಲಾರಿ ಹತ್ತಿತು. ದುಡ್ಡು ಎಲ್ಲಿ ಹೋಯ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹನ್ನೆರಡು ವರ್ಷ ಆಯ್ತು, ಅವನೀಗ ಬೆಂಗಳೂರಿನಲ್ಲಿದ್ದಾನೆ. ನಂಬರ್ ಇಬ್ಬರ ಹತ್ತಿರವೂ ಇದೆ.

ಆಗುಂಬೆಗೆ ರೈಲಿಲ್ಲ. ಹಾಗಾದರೆ ಮಾಲ್ಗುಡಿ ಸ್ಟೇಷನ್? ಅದು ಅರಸಾಳು, ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ. ಮರುದಿನ ತೀರ್ಥಹಳ್ಳಿಗೆ ಬಂದು, ಬಸ್ಸು ಬದಲಿಸಿ, ರಿಪ್ಪನ್‌ಪೇಟೆ ಮೇಲೆ ಹೋಗಿ ಸೇರುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಶಂಕರಣ್ಣನ ಕಾಲದಲ್ಲಿ ಇಲ್ಲಿ ಮೀಟರ್ ಗೇಜ್ ಇತ್ತು. ಈಗ ಬ್ರಾಡ್ ಗೇಜ್. ಪಾಳು ಬಿದ್ದಿದ್ದ ಹಳೇ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರೇ ಅದಕ್ಕೂ ಕೈ ಹಾಕಿದ್ದು ದೊಡ್ಡ ಮಾತು. ಚೆನ್ನಾಗಿದೆ. ಆದರೆ ನನಗೆ ಗೋಡೆಗಿಂತ ಹೊರಗಿನ ಮೌನವೇ ಹೆಚ್ಚು ಹಿಡಿಸಿತು.

ಕಾದಂಬರಿಯ ಕೊನೆ ಇಂಥ ಸ್ಟೇಷನ್ನಿನಲ್ಲೇ. ರಾಜಮ್ ರೈಲಿನಲ್ಲಿ ಕೂತಿದ್ದಾನೆ, ಮಾತಿಲ್ಲ. ಸ್ವಾಮಿ ಉಡುಗೊರೆಗೆಂದು ಒಂದು ಪುಸ್ತಕ ತಂದಿದ್ದಾನೆ. ರೈಲು ಅಲ್ಲಾಡುತ್ತೆ. ಮಣಿ ಆ ಪುಸ್ತಕವನ್ನು ಹೇಗೋ ರಾಜಮ್ ಕೈಗೆ ಮುಟ್ಟಿಸುತ್ತಾನೆ. ಕಾಗದ ಬರೀತಾನೆ ಅಂತ ಮಣಿ ಬಂದು ಹೇಳ್ತಾನೆ. ಸ್ವಾಮಿಗೆ ಅನುಮಾನ. ನನ್ನ ವಿಳಾಸವೇ ಅವನ ಹತ್ತಿರ ಇಲ್ಲವಲ್ಲ!

ಕೀಪರ್ ಸ್ಟೇಷನ್ನಿನ ಫೋಟೋ ತೆಗೆದ. ಆಮೇಲೆ ಫೋನು ಹಿಡಿದುಕೊಂಡು ಬಹಳ ಹೊತ್ತು ಕೂತ. ‘ಏನಂತ ಬರೀಲಿ?’ ಅಂದ.

‘ಏನೂ ಬೇಡ. ಫೋಟೋ ಕಳಿಸು, ಅವನಿಗೆ ಗೊತ್ತಾಗುತ್ತೆ.’

ಕಳಿಸಿದ. ಎರಡು ಗೆರೆ ನೀಲಿಯಾದವು. ಕಾದೆವು. ತಾಳಗುಪ್ಪದ ಕಡೆಗೆ ಒಂದು ರೈಲು ಬಂದು, ಇಬ್ಬರನ್ನು ಇಳಿಸಿ ಹೋಯಿತು. ಉತ್ತರ ಬರಲಿಲ್ಲ.

‘ಮಣಿ ಸುಳ್ಳು ಹೇಳಿದ್ದು ಕಣೋ’ ಅಂದ ಕೀಪರ್. ‘ರಾಜಮ್ ಏನೂ ಹೇಳಿರ್ಲಿಲ್ಲ.’

‘ಹೇಳಿದ್ದ.’

‘ನೀನೇನು ಕಂಡಿದ್ಯಾ?’

‘ಪುಸ್ತಕ ಈಸ್ಕೊಂಡನಲ್ಲೋ! ಬೇಡ ಅಂತ ಆಚೆ ಎಸೀಲಿಲ್ಲವಲ್ಲ!’

ರಿಪ್ಪನ್‌ಪೇಟೆವರೆಗೂ ಜಗಳವಾಡಿದೆವು. ಅಲ್ಲಿ ಮಿರ್ಚಿ ಕಟ್ಟಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕೂತ ಕೀಪರ್ ಫೋನನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದ.