ಎರಡು ಸಲ ಕಾಣುವ ಗುರುತು

ಕೆಟ್ಟ ಯಂತ್ರವು ನಡೆಯದಿದ್ದರೆ ಯಾರಿಗೂ ಆಶ್ಚರ್ಯವಿಲ್ಲ. ಸರಿಮಾಡಿಸಿದ ಯಂತ್ರವು ನಡೆಯದೆ ಹೋದರೆ ಮಾತ್ರ ಮನೆಯ ಜಗಲಿಯೇ ನ್ಯಾಯಸ್ಥಾನವಾಗಿಬಿಡುತ್ತದೆ. ಮೊದಲನೆಯ ಸಂದರ್ಭದಲ್ಲಿ ಜನರು "ಏನು ಕೆಟ್ಟಿದೆ?" ಎಂದು ಕೇಳುವರು, ಎರಡನೆಯದರಲ್ಲಿ "ಯಾರು ಕೆಡಿಸಿದರು?" ಎಂದು ಕೇಳುವರು. ಈ ಎರಡು ಪ್ರಶ್ನೆಗಳಿಗೆ ಇರುವ ಅಂತರವೆಷ್ಟೆಂಬುದು ತಿಪಟೂರಿನ ಕಡೆಯ ಒಂದು ಗ್ರಾಮದಲ್ಲಿ, ಈಚಿನ ಒಂದು ಮುಂಗಾರಿನಲ್ಲಿ, ಹಳೆಯದೊಂದು ಟ್ರ್ಯಾಕ್ಟರಿನ ನಿಮಿತ್ತದಿಂದ ಚೆನ್ನಾಗಿ ವ್ಯಕ್ತವಾಯಿತು.

ಆ ಮನೆಯ ಯಜಮಾನರಾದ ಗೌಡರಿಗೆ ಎಪ್ಪತ್ತು ವರ್ಷ ದಾಟಿದೆ. ಟ್ರ್ಯಾಕ್ಟರಿಗೂ ನಲವತ್ತು ಕಳೆದಿದೆ. ಅದರದು ಮೂರು ಸಿಲಿಂಡರುಗಳ ಡೀಸೆಲ್ ಎಂಜಿನು. ತೆಂಗಿನ ತೋಟದ ಉಳುಮೆಗೂ ರಾಗಿಯ ಹೊಲಕ್ಕೂ ಅದೊಂದೇ ಆಧಾರ. ಮೊದಲಿನಿಂದ ಅದನ್ನು ನೋಡಿಕೊಳ್ಳುತ್ತಿದ್ದವನು ಹೋಬಳಿಯ ಊರಿನಲ್ಲಿದ್ದ ಒಬ್ಬ ಮೇಸ್ತ್ರಿ. ಅವನು ತೀರಿಕೊಂಡ ಮೇಲೆ ಅವನ ತಗಡಿನ ಷೆಡ್ಡನ್ನೂ ಸಾಮಾನಿನ ಪೆಟ್ಟಿಗೆಯನ್ನೂ ತಾಯಿ ತಂಗಿಯರ ಭಾರವನ್ನೂ ಹೊತ್ತವನು ಇಪ್ಪತ್ತಮೂರು ವರ್ಷದ ಮಗ. ಗೌಡರ ಮನೆಯ ಕೆಲಸವು ಅವನಿಗೆ ಕೂಲಿಗಿಂತಲೂ ಹೆಚ್ಚಿನದು. ಅದು ಅವನ ಯೋಗ್ಯತಾಪತ್ರ. "ಗೌಡರ ಟ್ರ್ಯಾಕ್ಟರು ಇವನ ಕೈಯಲ್ಲಿದೆ" ಎಂಬ ಒಂದು ಮಾತಿನಿಂದಲೇ ಸುತ್ತಣ ಹಳ್ಳಿಗಳವರು ಅವನಲ್ಲಿಗೆ ಬರುತ್ತಿದ್ದರು.

ಆ ವರ್ಷ ಎಂಜಿನು ಕಪ್ಪು ಹೊಗೆಯನ್ನುಗುಳುತ್ತ, ನೇಗಿಲನ್ನೆಳೆಯಲು ಏದುತ್ತ ಬಂದುದರಿಂದ, ಹುಡುಗನು ಡೀಸೆಲ್ ಪಂಪನ್ನೂ ನಾಜಲುಗಳನ್ನೂ ಬಿಚ್ಚಿ ತುಮಕೂರಿಗೆ ಒಯ್ದು, ಸರಿಮಾಡಿಸಿ, ನಾಲ್ಕನೆಯ ದಿನ ಸಂಜೆ ತಂದು ಜೋಡಿಸಿದನು. ಕತ್ತಲಾಗುತ್ತಿತ್ತು. ಕೆಲಸ ಮುಗಿದು ಸೆಲ್ಫು ಹೊಡೆದಾಗ ಎಂಜಿನು ಹುರುಪಿನಿಂದಲೇ ತಿರುಗಿತು, ಆದರೆ ಹತ್ತಲಿಲ್ಲ. ಹೊಗೆಕೊಳವೆಯಿಂದ ಬೆಳ್ಳನೆಯದೇನೋ ಹೊರಟಿತು, ನಡುನಡುವೆ ಮುದುಕನ ಕೆಮ್ಮಿನಂತೆ ಒಂದು ಸದ್ದು, ಮತ್ತೆ ನಿಶ್ಶಬ್ದ. ಮರುದಿನ ಪುನರ್ವಸು ಮಳೆ ಹದವಾಗಿ ಬಿದ್ದಿತು. ಊರಿನವರೆಲ್ಲ ಹೊಲಕ್ಕೆ ಇಳಿದರು. ಬಾಡಿಗೆಯ ಟ್ರ್ಯಾಕ್ಟರುಗಳು ಬೇರೆಯವರ ಪಾಲಾದುವು. ಕೆಂಪು ಮಣ್ಣಿನ ಹದವು ಯಾರಿಗಾಗಿಯೂ ಕಾಯುವುದಿಲ್ಲವೆಂಬುದನ್ನು ಒಕ್ಕಲು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಎರಡು ದಿನ ಹುಡುಗನು ತನಗೆ ತಿಳಿದುದನ್ನೆಲ್ಲ ಮಾಡಿದನು. ಬ್ಯಾಟರಿಯ ತಂತಿಗಳನ್ನು ಉಜ್ಜಿ ಬಿಗಿದನು. ಎಂಜಿನನ್ನು ನಿಲ್ಲಿಸಲು ಎಳೆಯುವ ಗುಂಡಿಯು ಒಳಕ್ಕೆ ಪೂರ್ತಿ ಹೋಗಿದೆಯೇ ಎಂದು ನೋಡಿದನು. ಇದೊಂದನ್ನು ಮರೆತು ಇಡೀ ಎಂಜಿನನ್ನು ಬಿಚ್ಚಿದವರುಂಟು. ಡೀಸೆಲಿನ ಹಾದಿಯಲ್ಲಿ ಗಾಳಿ ಸೇರಿಕೊಂಡರೆ ಪಂಪು ಗಾಳಿಯನ್ನೇ ಅದುಮುತ್ತಿರುವುದಲ್ಲದೆ ಎಣ್ಣೆಯನ್ನು ಮುಂದಕ್ಕೆ ತಳ್ಳದು. ಆದುದರಿಂದ ಫಿಲ್ಟರಿನ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಂತು ಎಣ್ಣೆಯ ಧಾರೆಯೇ ಬರುವವರೆಗೆ ಕೈಪಂಪನ್ನು ಒತ್ತಿದನು. ನಾಜಲಿಗೆ ಹೋಗುವ ಮೂರು ಕೊಳವೆಗಳ ತುದಿಯಲ್ಲಿಯೂ ಡೀಸೆಲು ಚಿಮ್ಮುವುದನ್ನು ಕಂಡನು. ಎಲ್ಲವೂ ಸರಿಯಾಗಿತ್ತು. ಎಂಜಿನು ಮಾತ್ರ ಹತ್ತಲಿಲ್ಲ.

ಆಗ ಜಗಲಿಯ ಮೇಲೆ ವಿಚಾರಣೆ ಪ್ರಾರಂಭವಾಯಿತು. ಹಿರಿಯ ಮಗನೆಂದನು: "ಬಿಚ್ಚುವುದಕ್ಕೆ ಮುಂಚೆ ಹೊಗೆಯುಗುಳುತ್ತಲಾದರೂ ಓಡುತ್ತಿತ್ತು. ಬಿಚ್ಚಿದ ಮೇಲೆ ಓಡುವುದಿಲ್ಲ. ಅಪ್ಪಾ, ತುಮಕೂರಿನಲ್ಲಿ ನಮ್ಮ ಪಂಪನ್ನು ಮಾರಿ ಯಾವುದೋ ಸವೆದ ಪಂಪನ್ನು ತಂದು ಹಾಕಿದ್ದಾನೆ. ಬೇರೆ ಏನೂ ಅಲ್ಲ." ಕಿರಿಯವನಿಗೆ ಇಷ್ಟು ಕಠೋರವಾದ ಮಾತು ರುಚಿಸಲಿಲ್ಲ, ಆದರೆ ಹಳೆಯದನ್ನು ಗುಜರಿಗೆ ಹಾಕಿ ಸಾಲ ಮಾಡಿಯಾದರೂ ಹೊಸದನ್ನು ತರುವುದೇ ಮೇಲೆಂದು ಅವನೂ ಹೇಳಿದನು. ಹುಡುಗನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡನು, ಉತ್ತರ ಹೇಳಲಿಲ್ಲ. ಅವನ ಮೌನವು ಕೆಲವರಿಗೆ ತಪ್ಪೊಪ್ಪಿಗೆಯಾಗಿ ಕಂಡಿತು.

ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾರ್ಯಕಾರಣಭಾವವನ್ನು ಕಲ್ಪಿಸಬಾರದೆಂದು ಹಿರಿಯರು ಕಾಕತಾಲೀಯವನ್ನು ಹೇಳಿದ್ದಾರೆ. ಹಾಗೆಂದು ಹಿಂದುಮುಂದಿನ ಸಂಬಂಧವನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ವಿವೇಕವಲ್ಲ. ದುರಸ್ತಿಯ ತರುವಾಯ ಎಂಜಿನು ನಿಂತಿತೆಂದರೆ, ಕೈಯಾಡಿಸಿದ ಕಡೆಯಲ್ಲಿಯೇ ಮೊದಲು ಹುಡುಕಬೇಕೆಂಬುದು ಸರಿಯಾದ ಮಾತು. ಆದರೆ ಆ ಮಾತು ಸ್ಥಳವನ್ನು ತೋರಿಸುವುದೇ ಹೊರತು ಅಪರಾಧಿಯನ್ನು ತೋರಿಸುವುದಿಲ್ಲ.

ಗೌಡರು ಅಂದು ರಾತ್ರಿ ಒಳಗೆ ಹೋಗಿ ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದರು. ಟ್ರ್ಯಾಕ್ಟರು ಕೊಂಡ ವರ್ಷದ ಹಾಳೆಯಲ್ಲಿ ಎಂಜಿನಿನ ಸಂಖ್ಯೆಯನ್ನೂ ಪಂಪಿನ ಸಂಖ್ಯೆಯನ್ನೂ ಅವರೇ ಬರೆದಿಟ್ಟಿದ್ದರು. ದೀಪ ಹಿಡಿದು ಕೊಟ್ಟಿಗೆಗೆ ಹೋಗಿ, ಪಂಪಿನ ಮೈಮೇಲಣ ಪಟ್ಟಿಯನ್ನು ಒರಸಿ ನೋಡಿದರು. ಒಂದು ಅಂಕೆಯೂ ವ್ಯತ್ಯಾಸವಿರಲಿಲ್ಲ. ಪಂಪು ಅದೇ ಪಂಪು. ಅಪವಾದವು ಅಲ್ಲಿಗೆ ಬಿದ್ದುಹೋಯಿತು. ಆದರೆ ಎಂಜಿನು ಏಕೆ ಹತ್ತದೆಂಬುದು ಹಾಗೆಯೇ ಉಳಿಯಿತು.

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನೆ ಎಂಬ ಮೂರು ವಿಧದಿಂದ ಪರೀಕ್ಷಿಸಬೇಕೆಂಬುದು ಆಯುರ್ವೇದದ ಕ್ರಮ. ಮರುದಿನ ಬೆಳಗ್ಗೆ ಗೌಡರು ಮಾಡಿದುದೂ ಅದನ್ನೇ. ಹುಡುಗನಿಗೆ ಹೇಳಿಕಳುಹಿಸಿ, ಸೆಲ್ಫು ಹೊಡೆಸಿ, ಹೊಗೆಕೊಳವೆಯ ಬಾಯನ್ನು ನೋಡುತ್ತ ನಿಂತರು. ಹೊಗೆಯಿರುವಲ್ಲಿ ಬೆಂಕಿಯಿರಬೇಕೆಂಬುದು ತರ್ಕದ ಮೊದಲ ಪಾಠ. ಆದರೆ ಬರುತ್ತಿರುವುದು ಹೊಗೆಯೋ, ಆವಿಯೋ? ಆವಿಯನ್ನು ಹೊಗೆಯೆಂದು ಭ್ರಮಿಸಿದವನಿಗೆ ಮಂಜು ಕವಿದ ಕೆರೆಯಲ್ಲಿಯೂ ಬೆಂಕಿ ಕಾಣುವುದು. ಗೌಡರು ಅಂಗೈಯನ್ನು ಕೊಳವೆಗೆ ಅಡ್ಡವಾಗಿ ಹಿಡಿದರು. ಹೊಗೆಯಾಗಿದ್ದರೆ ಮಸಿ ಹತ್ತಬೇಕಾಗಿತ್ತು, ಅಂಗೈ ಒದ್ದೆಯಾಯಿತು. ಮೂಸಿದರೆ ಹಸಿ ಡೀಸೆಲಿನ ವಾಸನೆ. ಎಣ್ಣೆಯು ಒಳಗೆ ಹೋಗುತ್ತಿದೆ, ಉರಿಯದೆಯೇ ಹೊರಬರುತ್ತಿದೆ. ತರುವಾಯ ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರು ಹಾಕಿ ಕೈಯಿಂದ ತಿರುಗಿಸಿದರೆ, ಸಿಲಿಂಡರಿನಲ್ಲಿ ಅದುಮಲ್ಪಟ್ಟ ಗಾಳಿಯು ಬಲವಾಗಿ ಎದುರೊತ್ತುತ್ತಿತ್ತು. ಗಾಳಿಯ ಬಿಗಿಯೂ ಇದೆ, ಎಣ್ಣೆಯೂ ಇದೆ, ಎರಡಕ್ಕೂ ಸಮಾಗಮವಿಲ್ಲ.

ಇಲ್ಲಿ ಈ ಎಂಜಿನಿನ ಧರ್ಮವನ್ನು ಸ್ವಲ್ಪ ತಿಳಿಯಬೇಕು. ರುಡಾಲ್ಫ್ ಡೀಸೆಲ್ ಎಂಬ ಜರ್ಮನಿಯ ಯಂತ್ರಶಾಸ್ತ್ರಜ್ಞನು 1892ರಲ್ಲಿ ತನ್ನ ಕಲ್ಪನೆಗೆ ಹಕ್ಕುಪತ್ರವನ್ನು ಕೋರಿ, 1893ರಿಂದ ಆಗ್ಸ್‌ಬರ್ಗ್ ನಗರದಲ್ಲಿ ಪ್ರಯೋಗಗಳನ್ನು ನಡೆಸಿ, 1897ರಲ್ಲಿ ಸಫಲನಾದನು. ಅವನ ಎಂಜಿನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಗಾಳಿಯನ್ನು ಅದರ ಗಾತ್ರದ ಹದಿನಾರರಲ್ಲಿ ಒಂದು ಭಾಗದಷ್ಟಕ್ಕೆ ಅದುಮಿದರೆ, ಓಡುತ್ತಿರುವ ಎಂಜಿನಿನಲ್ಲಿ ಅದು 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುವುದು. ಆ ಕ್ಷಣದಲ್ಲಿ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುವುದು. ಚಿಮ್ಮಿಸುವ ಕೆಲಸ ಪಂಪಿನದು. 1927ರಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆಯು ಇಂಥ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ವಾಹನಗಳಿಗೆ ಡೀಸೆಲ್ ಎಂಜಿನನ್ನು ಅಳವಡಿಸುವುದು ಸುಲಭವಾಯಿತು. ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೂ ಪಂಪು 1000 ಸಲ ಎಣ್ಣೆ ಕೊಡಬೇಕು. ಒಂದು ಸಲವೂ ಹೊತ್ತು ತಪ್ಪಬಾರದು.

ಸುತ್ತು ಎರಡಕ್ಕೆ ಎಣ್ಣೆ ಒಂದು ಸಲವೇಕೆ? ಪ್ರಾಣಾಯಾಮವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಪಿಸ್ಟನು ಕೆಳಗಿಳಿಯುತ್ತ ಗಾಳಿಯನ್ನೆಳೆದುಕೊಳ್ಳುವುದು ಪೂರಕ; ಬಾಗಿಲುಗಳನ್ನು ಮುಚ್ಚಿ ಮೇಲೇರುತ್ತ ಅದನ್ನು ಬಿಗಿಹಿಡಿಯುವುದು ಕುಂಭಕ; ಉರಿಯ ಬಲದಿಂದ ಕೆಳಗೆ ತಳ್ಳಲ್ಪಡುವುದು ಕೆಲಸ; ಮತ್ತೆ ಮೇಲೇರುತ್ತ ಹೊಗೆಯನ್ನು ಹೊರದೂಡುವುದು ರೇಚಕ. ಈ ನಾಲ್ಕು ನಡೆಗಳಿಗೆ ಎರಡು ಸುತ್ತು. ಹೀಗಾಗಿ ಪಿಸ್ಟನು ಎರಡು ಸಲ ಶಿಖರವನ್ನು ಮುಟ್ಟುತ್ತದೆ: ಒಮ್ಮೆ ಕುಂಭಕದ ಕೊನೆಯಲ್ಲಿ, ಇನ್ನೊಮ್ಮೆ ರೇಚಕದ ಕೊನೆಯಲ್ಲಿ. ಫ್ಲೈವೀಲಿನ ಮೇಲೆ ಕೊರೆದ ಗೆರೆಯು ಕಿಟಕಿಯಲ್ಲಿ ಎರಡು ಸಲವೂ ಒಂದೇ ರೀತಿಯಾಗಿ ಬಂದು ನಿಲ್ಲುವುದು. ಎಣ್ಣೆ ಬೇಕಾದುದು ಕುಂಭಕದ ಕೊನೆಯಲ್ಲಿ ಮಾತ್ರ.

ದರ್ಶನ ಸ್ಪರ್ಶನಗಳು ಮುಗಿದುವು. ಯಂತ್ರಕ್ಕೆ ಬಾಯಿಲ್ಲವಾದುದರಿಂದ ಪ್ರಶ್ನೆಯನ್ನು ಕೈಯಾಡಿಸಿದವನಿಗೇ ಹಾಕಬೇಕು. ಮೂರು ದಿನಗಳಿಂದ ಹುಡುಗನನ್ನು ಬೈದವರಿದ್ದರು; ಕೇಳಿದವರಿರಲಿಲ್ಲ. ಗೌಡರು ಗಾಡಿಯ ಮೂಕಿಯ ಮೇಲೆ ಕುಳಿತು, ಅವನನ್ನೂ ಕುಳ್ಳಿರಿಸಿ, "ಮಗು, ಪಂಪು ಜೋಡಿಸಿದ್ದನ್ನು ಮೊದಲಿನಿಂದ ಹೇಳು. ಏನನ್ನೂ ಬಿಡಬೇಡ" ಎಂದರು.

ಹುಡುಗನು ತಡವರಿಸಿದನು. "ಒಂದನೆಯ ಸಿಲಿಂಡರನ್ನು ಮೇಲಕ್ಕೆ ತಂದೆವು, ಗೌಡರೇ. ಪಂಪಿನ ಗುರುತನ್ನು ಅದರ ಗುರುತಿಗೆ ಕೂಡಿಸಿ ಬಿಗಿದೆ."

"ಮೇಲಕ್ಕೆ ಬಂದಿತೆಂದು ಯಾವುದರಿಂದ ತಿಳಿದೆ?"

"ಫ್ಲೈವೀಲಿನ ಗೆರೆಯಿಂದ."

"ಗೆರೆಯನ್ನು ನೋಡಿದವರು ಯಾರು?"

ಹುಡುಗನು ತಲೆ ತಗ್ಗಿಸಿದನು, ಮಾತು ಬರಲಿಲ್ಲ. ಆಗ ಗೌಡರಿಗೆ ಆ ಸಂಜೆಯು ಕಣ್ಣಿಗೆ ಕಟ್ಟಿತು. ಕತ್ತಲಲ್ಲಿ ಟಾರ್ಚು ಹಿಡಿದು ಕಿಟಕಿಯ ಬಳಿ ಬಗ್ಗಿದ್ದವರು ತಾವೇ. "ಬಂತು, ನಿಲ್ಲಿಸು" ಎಂದವರು ತಾವೇ. ಹುಡುಗನು ಮೇಲಣ ರಾಕರ್ ಕವರನ್ನು ಬಿಚ್ಚಲು ಸ್ಪ್ಯಾನರನ್ನೆತ್ತಿದಾಗ, "ಅದನ್ನೇಕೆ ಬಿಚ್ಚುತ್ತೀಯೆ? ಈ ಗುರುತನ್ನು ನಿಮ್ಮಪ್ಪನಿಗೆ ತೋರಿಸಿದವನೇ ನಾನು" ಎಂದು ತಡೆದವರೂ ತಾವೇ. ಹಿರಿಯರ ಮಾತಿಗೆ ಎದುರಾಡಬಾರದೆಂದು ಅವನು ಅಂದು ಸ್ಪ್ಯಾನರನ್ನು ಕೆಳಗಿಟ್ಟನು. ಕಳ್ಳನೆನ್ನಿಸಿಕೊಂಡಾಗಲೂ ಅದೇ ಕಾರಣದಿಂದ ಬಾಯಿ ಬಿಡಲಿಲ್ಲ.

"ಈಗ ಬಿಚ್ಚು" ಎಂದರು ಗೌಡರು.

ಕವರನ್ನು ತೆಗೆದು, ಗೆರೆಯನ್ನೂ ಪಂಪಿನ ಗುರುತನ್ನೂ ಆ ಸಂಜೆಯಂತೆಯೇ ಕೂಡಿಸಿ ನಿಲ್ಲಿಸಿದರು. ಕುಂಭಕವಾಗಿದ್ದರೆ ಒಂದನೆಯ ಸಿಲಿಂಡರಿನ ಎರಡು ವಾಲ್ವುಗಳೂ ಮುಚ್ಚಿದ್ದು, ಅವುಗಳ ಮೇಲಣ ರಾಕರುಗಳು ಬೆರಳಿಗೆ ಸ್ವಲ್ಪ ಸಡಿಲವಾಗಿ ಸಿಕ್ಕಬೇಕು. ಇಲ್ಲಿ ಹಾಗಿರಲಿಲ್ಲ. ಸ್ಪ್ಯಾನರನ್ನು ಒಂದು ಬೆರಳಿನಷ್ಟು ಹಿಂದುಮುಂದಾಡಿಸಿದರೆ ಒಂದು ವಾಲ್ವು ಮುಚ್ಚುತ್ತಿತ್ತು, ಇನ್ನೊಂದು ತೆರೆಯುತ್ತಿತ್ತು. ಅದು ರೇಚಕದ ಕೊನೆ. ಉಸಿರು ಹೊರಟುಹೋದ ಎದೆಗೆ ಪಂಪು ಎಣ್ಣೆಯನ್ನೆರೆಯುತ್ತಿತ್ತು. ಉರಿಸುವ ಕಾವಿಲ್ಲದ ಆ ಹೊತ್ತಿನಲ್ಲಿ ಎಣ್ಣೆಯು ತೆರೆದ ಬಾಗಿಲಿನಿಂದ ಆವಿಯಾಗಿ ಹೊರಬೀಳುತ್ತಿತ್ತು.

ಬೆಟ್ಟವು ತಿಳಿಯಲ್ಪಡುವ ವಸ್ತುವಾದುದರಿಂದ ಅದರಲ್ಲಿ ಬೆಂಕಿಯಿದೆಯೆಂದು ಒಬ್ಬನು ವಾದಿಸಿದರೆ, ಕೆರೆಯೂ ತಿಳಿಯಲ್ಪಡುವ ವಸ್ತುವೇ ಅಲ್ಲವೆ, ಅಲ್ಲಿಯೂ ಬೆಂಕಿಯುಂಟೆ ಎಂದು ನೈಯಾಯಿಕನು ಕೇಳುತ್ತಾನೆ. ಬೇಕಾದ ಕಡೆಯಲ್ಲಿಯೂ ಬೇಡವಾದ ಕಡೆಯಲ್ಲಿಯೂ ಸಮಾನವಾಗಿ ಕಾಣುವ ಹೇತುವಿಗೆ ಸವ್ಯಭಿಚಾರವೆಂದು ಹೆಸರು. ಫ್ಲೈವೀಲಿನ ಗೆರೆಯು ಸುಳ್ಳು ಹೇಳಲಿಲ್ಲ. ಪಿಸ್ಟನು ಮೇಲಿದೆಯೆಂದಷ್ಟೆ ಹೇಳಿತು. ಅದು ಹೇಳದುದನ್ನು ಹೇಳಿತೆಂದು ನಂಬಿದವರು ಮನುಷ್ಯರು. ಹುಡುಗನ ಮೌನವೂ ಅಂಥದೇ. ಅಪರಾಧಿಯೂ ಮೌನವಾಗಿರುವನು, ಗೌರವವುಳ್ಳವನೂ ಮೌನವಾಗಿರುವನು. ಇವೆರಡರಲ್ಲಿ ಯಾವುದೆಂದು ತಿಳಿಯಲು ಇನ್ನೊಂದು ಸಾಕ್ಷಿ ಬೇಕು. ಅಲ್ಲಿಯವರೆಗೆ ನಾಲಗೆಯನ್ನು ಹಿಡಿಯಬೇಕು.

ಮುಂದಿನ ಕೆಲಸಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಪಂಪಿನ ಜೋಡಣೆಯನ್ನು ಬಿಡಿಸಿ, ಪಂಪನ್ನು ಅಲುಗಿಸದೆ ಎಂಜಿನನ್ನು ಪೂರ್ತಿಯಾಗಿ ಒಂದು ಸುತ್ತು ತಿರುಗಿಸಿದರು. ಗೆರೆಯು ಕಿಟಕಿಗೆ ಮತ್ತೆ ಬಂದಿತು; ಈ ಸಲ ರಾಕರುಗಳೆರಡೂ ಬೆರಳಿಗೆ ಸಡಿಲವಾಗಿ ಸಿಕ್ಕಿದುವು. ಪಂಪನ್ನು ಜೋಡಿಸಿ, ಗಾಳಿ ತೆಗೆದು, ಸೆಲ್ಫು ಹೊಡೆದರು. ಮೊದಲನೆಯ ಸಲ ಕೆಮ್ಮಿತು; ಎರಡನೆಯ ಸಲ ಬಿಳಿಯ ಆವಿಯು ನೀಲಿಯಾಯಿತು; ಮೂರನೆಯ ಸಲ ಎಂಜಿನು ಹತ್ತಿ, ಕೊಟ್ಟಿಗೆಯ ಹೆಂಚುಗಳು ಅದುರಿದುವು. ಹಿರಿಯ ಮಗನು ಹೊಲದ ಕಡೆಯಿಂದ ಓಡಿಬಂದನು.

ಎಂಜಿನು ಹತ್ತಿದ ಸಂತೋಷದಲ್ಲಿ ಮಿಕ್ಕುದನ್ನು ಮರೆತುಬಿಡಬಹುದಾಗಿತ್ತು; ಲೋಕದಲ್ಲಿ ಬಹುಮಟ್ಟಿಗೆ ಹಾಗೆಯೇ ನಡೆಯುವುದು. ಗೌಡರು ಮರೆಯಲಿಲ್ಲ. ಅಪವಾದವು ಜಗಲಿಯ ಮೇಲೆ ನಾಲ್ಕು ಜನರ ಮುಂದೆ ಹುಟ್ಟಿತಾದುದರಿಂದ, ಸಂಜೆ ಅದೇ ಜಗಲಿಗೆ ಅದೇ ಜನರನ್ನು ಕರೆದು, "ಪಂಪು ನಮ್ಮದೇ. ಗುರುತು ತಪ್ಪಿದವನು ನಾನು. ಹುಡುಗ ಸರಿಯಾದುದನ್ನು ಮಾಡಲು ಹೋದಾಗ ಕೈ ಹಿಡಿದವನೂ ನಾನೇ" ಎಂದರು. ಹಿರಿಯ ಮಗನು ಸ್ವಲ್ಪ ಹೊತ್ತು ನೆಲವನ್ನು ನೋಡುತ್ತಿದ್ದು, ಆಮೇಲೆ ಒಳಗೆ ಹೋಗಿ ಕೂಲಿಯ ಹಣವನ್ನು ತಾನೇ ತಂದು, "ಬೇಜಾರು ಮಾಡ್ಕೋಬೇಡಪ್ಪ" ಎಂದು ಹುಡುಗನ ಕೈಗೆ ಕೊಟ್ಟನು. ಹುಡುಗನು ಎಣಿಸದೆ ಜೇಬಿಗೆ ಹಾಕಿಕೊಂಡನು.

ಹದವು ಇನ್ನೂ ಎರಡು ದಿನ ಉಳಿದಿತ್ತು. ಮೇಲಿನ ಹೊಲವನ್ನು ಉತ್ತು, ಕೂರಿಗೆ ಹೂಡಿ, ಪುಷ್ಯ ಮಳೆ ಹಿಡಿಯುವ ಮೊದಲೇ ರಾಗಿಯ ಬಿತ್ತನೆ ಮುಗಿಯಿತು. ಕೊಟ್ಟಿಗೆಯ ಗೋಡೆಯ ಮೇಲೆ, ಟ್ರ್ಯಾಕ್ಟರಿನ ಮೂತಿಗೆ ಎದುರಾಗಿ, ಸುಣ್ಣದಲ್ಲಿ ಬರೆದ ಒಂದು ಸಾಲು ಈಗಲೂ ಇದೆ. ಅಕ್ಷರಗಳು ಗೌಡರವು, ವಯಸ್ಸಿನಿಂದ ಸ್ವಲ್ಪ ನಡುಗಿವೆ: "ಗುರುತು ಎರಡು ಸಲ ಬರುತ್ತದೆ. ವಾಲ್ವು ನೋಡಿ ಬಿಗಿಯತಕ್ಕದ್ದು. ಬಿಗಿಯುವವನ ಮಾತು ಕೇಳತಕ್ಕದ್ದು."