ನಾವೂ ದನಿಗೂಡಿಸುವ ಹಾಡುಗಳು

ಕೇಳುವುದಕ್ಕೆಂದು ಹಾಡು ಆರಿಸುವುದು ಬೇರೆ, ಹಾಡುವುದಕ್ಕೆಂದು ಆರಿಸುವುದು ಬೇರೆ. ಕೇಳುವ ಹಾಡಿನಲ್ಲಿ ಗಾಯಕರು ಎಷ್ಟು ಎತ್ತರಕ್ಕೆ ಏರಿದರೂ ನನಗೆ ಸಂತೋಷವೇ. ಹಾಡುವ ಹಾಡಿನಲ್ಲಾದರೆ ಅವರು ನನ್ನನ್ನೂ ಕರೆದುಕೊಂಡು ಏರಬೇಕು. ಮನಸ್ಸು ಮಂಕಾದಾಗ ಗಂಟಲು ಬಿಚ್ಚಿ ಹಾಡಲೆಂದೇ ಒಂದಷ್ಟು ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಕೂಡಿಸಿಟ್ಟುಕೊಂಡಿದ್ದೇನೆ. ಈ ಪಟ್ಟಿ ಬೆಳೆದದ್ದು ಕೊಳ್ಳೇಗಾಲದಿಂದ ಗೋಪಿನಾಥಂಗೆ ಹೋಗಿಬರುವ ದಾರಿಯಲ್ಲಿ.

ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದಲ್ಲಿ ಘಟ್ಟ ಹತ್ತಬೇಕು. ಮಹದೇಶ್ವರ ಬೆಟ್ಟ ಮುಟ್ಟಿ, ಆ ಕಡೆ ಪಾಲಾರಿನತ್ತ ಇಳಿದು, ಹೊಗೇನಕಲ್ಲಿನ ದಿಕ್ಕಿಗೆ ಹೊರಳಿದರೆ ಗೋಪಿನಾಥಂ. ಕಾಡಿನ ತಿರುವುಗಳಲ್ಲಿ ಫೋನಿನ ಸಿಗ್ನಲ್ ಹೋದರೆ ಹೋಯಿತು. ಇಂಟರ್‌ನೆಟ್ಟಿನಿಂದ ಬರುತ್ತಿದ್ದ ಹಾಡು ಅರ್ಧದಲ್ಲೇ ನಿಲ್ಲುತ್ತದೆ. ಹಾಗಾಗಿ ಈ ಕಡೆಯವರು ಹಾಡುಗಳನ್ನು ಕೈಯಲ್ಲೇ ಇಟ್ಟುಕೊಂಡು ಹೊರಡುತ್ತಾರೆ. ಮೊದಲು ಕ್ಯಾಸೆಟ್ ಇತ್ತು. ಬೇಕಾದ ಹಾಡುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅಂಗಡಿಯವರು ತುಂಬಿಸಿಕೊಡುತ್ತಿದ್ದರು. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ, ಅಂದರೆ ಹತ್ತು ಹಾಡಿನ ಆಸುಪಾಸು. ಆಮೇಲೆ ಮೆಮೊರಿ ಕಾರ್ಡ್ ಬಂತು, ಈಗ ಪೆನ್‌ಡ್ರೈವ್. ಸಾವಿರಾರು ಹಾಡು ಹಿಡಿಯುವಷ್ಟು ಜಾಗವಿದ್ದರೂ ನಾನು ಕ್ಯಾಸೆಟ್ ಕಾಲದ ಅಳತೆಯನ್ನೇ ಇಟ್ಟುಕೊಂಡಿದ್ದೇನೆ. ಜಾಗ ಕಡಿಮೆಯಿದ್ದಾಗ ಪ್ರತಿ ಹಾಡನ್ನೂ ‘ನೀನು ಯಾಕೆ ಇಲ್ಲಿರಬೇಕು’ ಎಂದು ಕೇಳಲೇಬೇಕಾಗುತ್ತದೆ.

ಮೊದಲ ಜಾಗಕ್ಕೆ ಕುಣಿಸುವ ಹಾಡನ್ನು ನಾನು ಹಾಕುವುದಿಲ್ಲ. ಬೇಸರದಲ್ಲಿ ಇರುವವರ ಕಿವಿಗೆ ಏಕಾಏಕಿ ಉತ್ಸಾಹದ ಹಾಡು ಬಿದ್ದರೆ ಮನಸ್ಸು ಇನ್ನಷ್ಟು ಮುದುಡುತ್ತದೆ. ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ತಮ್ಮ ರೋಗಿಗಳ ವಿಷಯದಲ್ಲಿ ಇದನ್ನೇ ಹೇಳಿದರು: ಮನಸ್ಸು ಎಲ್ಲಿದೆಯೋ ಅಲ್ಲಿಂದ ಸಂಗೀತ ಶುರುವಾಗಲಿ, ಅಲ್ಲಿಂದ ಮೆಲ್ಲಗೆ ಬೇಕಾದ ಕಡೆಗೆ ನಡೆಸಲಿ. ಸಂಗೀತ ಚಿಕಿತ್ಸೆಯವರು ಇಂದಿಗೂ ಈ ಕ್ರಮ ಪಾಲಿಸುತ್ತಾರೆ. ನನ್ನ ಪಟ್ಟಿ ಶುರುವಾಗುವುದು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಿಂದ. 1942ರಲ್ಲಿ ಬಂದ ಆ ಸಂಕಲನದ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರೂ ಸಿ. ಅಶ್ವಥ್ ಅವರೂ ಹಾಡಾಗಿಸಿ ಮನೆಮನೆಗೆ ಮುಟ್ಟಿಸಿದರು. ನಿಧಾನಗತಿ, ಮಾತಿನಷ್ಟೇ ಸಹಜವಾದ ಸಾಲು, ಗಂಟಲಿಗೆ ದಣಿವಿಲ್ಲ. ಮೊದಲ ಪಲ್ಲವಿಗೆ ಬರೀ ಗುನುಗುತ್ತೇನೆ. ಎರಡನೆಯದಕ್ಕೆ ಮಾತು ಬಾಯಿಗೆ ಬಂದಿರುತ್ತದೆ.

ಆಮೇಲಿನ ಜಾಗ ಮಹದೇಶ್ವರ ಬೆಟ್ಟದ ಮಾದಪ್ಪನದು. ಎಪ್ಪತ್ತೇಳು ಮಲೆಯ ಒಡೆಯನ ಸೀಮೆಯಲ್ಲಿ ಹಾಡಿನ ಪಟ್ಟಿ ಮಾಡಿ ಅವನನ್ನು ಬಿಡುವುದುಂಟೇ! ಶಿವರಾತ್ರಿ, ಯುಗಾದಿ, ದೀಪಾವಳಿ ಬಂದರೆ ಪರಸೆಯವರು ಗುಂಪುಗುಂಪಾಗಿ ನಡೆದುಬರುತ್ತಾರೆ. ಕನಕಪುರದ ಕಡೆಯವರು ಕಾವೇರಿಯನ್ನು ದಾಟಿಯೇ ಬರುತ್ತಾರೆ. ತಾಳಬೆಟ್ಟದ ಏರಿನಲ್ಲಿ ಏದುಸಿರು ಬಿಡುತ್ತಿರುವಾಗ ಯಾರೋ ಒಬ್ಬರು ಸಾಲು ಎತ್ತುತ್ತಾರೆ, ಮಿಕ್ಕವರು ಸೊಲ್ಲು ಸೇರಿಸುತ್ತಾರೆ. ಎತ್ತಿದವರು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಹಿಂದಿನವರ ದನಿ ಹಾಡನ್ನು ಹೊತ್ತಿರುತ್ತದೆ. ಯಾರೊಬ್ಬರೂ ಪೂರ್ತಿ ಹಾಡಬೇಕಾಗಿಲ್ಲ, ಯಾರೊಬ್ಬರೂ ಸುಮ್ಮನೆ ಇರಬೇಕಾಗಿಲ್ಲ. ಇಷ್ಟು ಚೆನ್ನಾಗಿ ಕಷ್ಟ ಹಂಚಿಕೊಳ್ಳುವ ಹಾಡಿನ ಕ್ರಮವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಂಸಾಳೆಯ ದೇವರಗುಡ್ಡರು ಇದೇ ಕ್ರಮದಲ್ಲಿ ಇಡೀ ರಾತ್ರಿ ಕಥೆ ನಡೆಸುತ್ತಾರೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಅವರ ಮಹಾಕಾವ್ಯವನ್ನು ಪಿ.ಕೆ. ರಾಜಶೇಖರ ‘ಮಲೆಯ ಮಾದೇಶ್ವರ’ ಎಂದು ಸಂಗ್ರಹಿಸಿಕೊಟ್ಟಿದ್ದಾರೆ. ಅದರಲ್ಲಿ ನನ್ನನ್ನು ಬಹಳ ಹಿಡಿದದ್ದು ಸಂಕಮ್ಮನ ಸಾಲು, ಅಂದರೆ ಅವಳ ಕಥೆಯ ಭಾಗ. ಹೆಜ್ಜೇನು ಕೀಳಲು ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ಮೇಲೆ ಸಂಶಯಪಟ್ಟು ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವಳಿಗೆ ಹಿಂಸೆ ಕೊಟ್ಟು, ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಅಲ್ಲಿಗೆ ಮಾದಪ್ಪ ಬರುತ್ತಾನೆ, ಅವಳಿಗೆ ಮಕ್ಕಳ ಫಲ ಕೊಡುತ್ತಾನೆ. ಇಷ್ಟು ನೋವಿನ ಕಥೆಯನ್ನು ಕೇಳಿ ಎದ್ದವರ ಮುಖ ಬೆಳಗ್ಗೆ ಹಗುರವಾಗಿರುತ್ತದೆ. ಯಾಕೆಂದರೆ ಅವರು ಬರೀ ಕೇಳಿರುವುದಿಲ್ಲ. ಸಂಕಮ್ಮ ಅತ್ತಾಗ ಸೊಲ್ಲು ಹೇಳಿದ್ದಾರೆ, ಮಾದಪ್ಪ ಬಂದಾಗ ‘ಉಘೇ’ ಎಂದಿದ್ದಾರೆ. ಮನಸ್ಸು ಎತ್ತುವ ಹಾಡಿನಲ್ಲಿ ಸಂತೋಷದ ಮಾತೇ ಇರಬೇಕೆಂಬ ನಂಬಿಕೆಯನ್ನು ನಾನು ಬಿಟ್ಟದ್ದು ಇದರಿಂದ. ದುಃಖದ ಹಾಡಾದರೂ ಅದರಲ್ಲಿ ನನ್ನ ದನಿಗೊಂದು ಜಾಗ ಇದ್ದರೆ ಸಾಕು, ಅದು ನನ್ನನ್ನು ಎಬ್ಬಿಸಿ ಕೂರಿಸುತ್ತದೆ.

ಇದಕ್ಕೆ ದೇಹದ ಕಡೆಯಿಂದಲೂ ಕಾರಣವಿದೆ. ಹಾಡಬೇಕಾದರೆ ಸಾಲಿನ ಉದ್ದಕ್ಕೂ ಉಸಿರನ್ನು ನಿಧಾನವಾಗಿ ಬಿಡಬೇಕು. ಗಾಬರಿಯಲ್ಲಿ ಮೇಲೆ ಮೇಲೆ ಆಡುತ್ತಿದ್ದ ಉಸಿರು ತಾನಾಗಿ ಆಳಕ್ಕೆ ಇಳಿಯುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಬ್ಯೋರ್ನ್ ವಿಕ್‌ಹಾಫ್ ಮತ್ತು ಅವರ ಜೊತೆಯವರು ಒಟ್ಟಾಗಿ ಹಾಡುವವರ ಎದೆಬಡಿತವನ್ನು ಅಳೆದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಹಾಡಿಗೆ ಒಂದೇ ಹೊತ್ತಿನಲ್ಲಿ ಉಸಿರಾಡುವುದರಿಂದ ಹಾಡುವವರ ಎದೆಬಡಿತದ ಏರಿಳಿತವೂ ಒಂದಕ್ಕೊಂದು ಹೊಂದಿಕೊಳ್ಳುತ್ತದೆಂದು ಕಂಡುಕೊಂಡರು. ತಾಳಬೆಟ್ಟ ಹತ್ತುವವರು ಇದನ್ನು ಕಾಲಿನಲ್ಲೇ ಬಲ್ಲರು.

ಪಟ್ಟಿಯ ನಡುವಿಗೆ ಬಂದರೆ ರಾಜಕುಮಾರ್. ಅವರ ಗಾಜನೂರು ಇಲ್ಲಿಗೆ ದೂರದ್ದಲ್ಲ, ಇದೇ ಕಾಡುಸೀಮೆಯ ಅಂಚಿನದು. 2000ದ ಜುಲೈ 30ರಂದು ಅಲ್ಲಿಂದಲೇ ಅವರನ್ನು ಕಾಡುಗಳ್ಳ ವೀರಪ್ಪನ್ ಕಾಡಿಗೆ ಎಳೆದೊಯ್ದ. ಎಪ್ಪತ್ತು ದಾಟಿದ ಅವರು ಹೊರಬಂದದ್ದು 108 ದಿನಗಳ ಮೇಲೆ, ನವೆಂಬರ್ 15ರಂದು. ವೀರಪ್ಪನ್ ಹುಟ್ಟಿದ ಊರು ಗೋಪಿನಾಥಂ. ಆ ಊರಿನ ದಾರಿಯಲ್ಲಿ ರಾಜಕುಮಾರ್ ಹಾಡನ್ನು ನಾನು ಬೇಕೆಂದೇ ದೊಡ್ಡದಾಗಿ ಹಾಡುತ್ತೇನೆ. ನನ್ನ ಆಯ್ಕೆ ಎಮ್ಮೆಯ ಮೇಲೆ ಕುಳಿತು ಅವರು ಹಾಡುವ ‘ಸಂಪತ್ತಿಗೆ ಸವಾಲ್’ ಚಿತ್ರದ ಹಾಡು. ಅದುವರೆಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಅವರ ದನಿಯಲ್ಲಿ ಹಾಡುತ್ತಿದ್ದ ನಾಯಕ ತನ್ನದೇ ದನಿಯಲ್ಲಿ ಬೆಳ್ಳಿತೆರೆಯನ್ನು ತುಂಬಿದ್ದು 1974ರ ಆ ಚಿತ್ರದಿಂದ. ಆ ಹಾಡಿನಲ್ಲಿ ಕೂಗಬೇಕಾದ ಕಡೆ ಕೂಗಲೇಬೇಕು, ಮೆಲ್ಲಗೆ ಹಾಡಿದರೆ ಅದು ಒಪ್ಪುವುದೇ ಇಲ್ಲ. ಸಂಕೋಚವನ್ನು ಕಿತ್ತೊಗೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಹಾಡು ಕನ್ನಡದಲ್ಲಿ ನನಗೆ ಗೊತ್ತಿಲ್ಲ.

ಅದೇ ರಾಜಕುಮಾರ್ ತೋಡಿ ರಾಗದಲ್ಲಿ ಹಾಡಿದ ‘ಜೀವನಚೈತ್ರ’ದ ಹಾಡು ನನ್ನ ಪಟ್ಟಿಯಲ್ಲಿ ಇಲ್ಲ. ಅದಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂತು. ಆ ಹಾಡು ಬಂದರೆ ನಾನು ಬಾಯಿ ಮುಚ್ಚಿ ಕೈಮುಗಿದು ಕೇಳುತ್ತೇನೆ. ಕೇಳುವ ಹಾಡುಗಳ ಗೂಡು ಬೇರೆಯೇ ಇದೆ, ಅದರ ಜಾಗ ಅಲ್ಲಿ.

ಇನ್ನು ‘ಗೀತಾ’. ಶಂಕರ್‌ನಾಗ್ ಅವರ ಈ ಚಿತ್ರ ಬಂದದ್ದು 1981ರಲ್ಲಿ, ಸಂಗೀತ ಇಳಯರಾಜಾ. ಅದರ ಯುಗಳಗೀತೆ ಇಂದಿಗೂ ಮದುವೆ ಮನೆಯಲ್ಲಿ, ಟೂರಿಸ್ಟ್ ಬಸ್ಸಿನಲ್ಲಿ ಎದ್ದು ಬರುತ್ತದೆ. ತೆಲುಗು ಮನೆಮಾತಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ತಮಿಳುನಾಡಿನ ಸಂಗೀತಗಾರನ ಧಾಟಿಗೆ ಕನ್ನಡದಲ್ಲಿ ಹಾಡಿದರು. ಅದೇ ಧಾಟಿ 1984ರಲ್ಲಿ ತಮಿಳಿನ ‘ನೂರಾವದು ನಾಳ್’ಗೂ 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೂ ಹೋಯಿತು. ಗೋಪಿನಾಥಂನಲ್ಲಿ ಮನೆಯೊಳಗೆ ತಮಿಳು ಮಾತಾಡುವವರು ಬಹಳ. ಪಾಲಾರಿನ ಬಳಿ ಕಾರಿಗೆ ಹತ್ತಿಸಿಕೊಂಡ ಅಜ್ಜಿಯೊಬ್ಬರು ಈ ಹಾಡು ಬಂದಾಗ ತಮಿಳು ಮಾತಿನಲ್ಲೇ ಶುರುಮಾಡಿದರು. ನಾವು ಕನ್ನಡದಲ್ಲಿ ಹಾಡುತ್ತಿದ್ದೆವು. ಪಲ್ಲವಿ ಬಂದಲ್ಲೆಲ್ಲ ಎರಡೂ ಒಂದರ ಮೇಲೊಂದು ಬಿದ್ದು ಬೆರೆತವು. “ಇನ್ನೊಂದ್ಸಲ ಹಾಕು ಮಗ, ಈ ಕಿತ ನಿಮ್ ಮಾತ್ನಲ್ಲೇ ಹೇಳ್ತೀನಿ” ಅಂದರು. “ಬ್ಯಾಡ ಕಣಜ್ಜಿ, ನೀನು ನಿನ್ ಮಾತ್ನಲ್ಲೇ ಹೇಳು, ಅದೇ ಚೆಂದಾಗದೆ” ಅಂದೆ. ಗಡಿಯ ಊರಿಗೆ ಹೇಳಿ ಮಾಡಿಸಿದ ಹಾಡು ಅದು. ಆವತ್ತಿನಿಂದ ಪಟ್ಟಿಯಲ್ಲಿ ಅದರ ಜಾಗ ಖಾಯಂ ಆಯಿತು.

ಅದರ ಮುಂದೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ ಹಾಡು. ರಂಗನಾಥ ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂದು ಸೋಲಿಗರು ಅವನನ್ನು ಭಾವ ಎನ್ನುತ್ತಾರೆ. ದೇವರನ್ನು ಭಾವ ಎಂದು ಕರೆಯುವವರ ಹಾಡಿನಲ್ಲಿ ಅಂಜಿಕೆ ಎಲ್ಲಿಂದ ಬರಬೇಕು? ಸುತ್ತು ಕಟ್ಟಿ ಕುಣಿಯುತ್ತಾ ಒಂದೇ ಸೊಲ್ಲನ್ನು ಮತ್ತೆ ಮತ್ತೆ ಹೇಳುತ್ತಾರೆ, ಗತಿ ಏರುತ್ತಾ ಹೋಗುತ್ತದೆ. ಚಿಕ್ಕ ಮಕ್ಕಳೂ ಒಂದೇ ಕೇಳುವಿಕೆಗೆ ಕಲಿತುಬಿಡುತ್ತಾರೆ. ಅದಕ್ಕೆ ಅದನ್ನು ಪಟ್ಟಿಯ ತುದಿಗೆ ಇಟ್ಟಿದ್ದೇನೆ, ಗಂಟಲು ಪೂರ್ತಿ ಬಿಚ್ಚಿಕೊಂಡ ಮೇಲೆ.

ಗೋಪಿನಾಥಂ ಅಂದರೆ ಹೊರಗಿನವರಿಗೆ ಇಂದಿಗೂ ಒಬ್ಬನ ಹೆಸರೇ ಮೊದಲು ನೆನಪಾಗುತ್ತದೆ. ಅದೇ ಊರಿಗೆ ಒಳ್ಳೆಯದು ಮಾಡಹೊರಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ಅವನು ಕೊಂದ. ಅವರು ಮುಂದೆ ನಿಂತು ಕಟ್ಟಿಸಿದ ಮಾರಿಯಮ್ಮನ ಗುಡಿ ಊರಿನಲ್ಲಿದೆ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಆಮೇಲೆ ಹುಟ್ಟಿದ ಮಕ್ಕಳು ಈಗ ಓದಿಗೂ ಕೆಲಸಕ್ಕೂ ಹೋಗುತ್ತಿದ್ದಾರೆ. ಭಯದ ಆ ವರ್ಷಗಳಲ್ಲೂ ಈ ಸೀಮೆಯವರು ಹಾಡು ಬಿಟ್ಟಿರಲಿಲ್ಲ ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಮಾದಪ್ಪನ ಪರಸೆ ನಿಲ್ಲಲಿಲ್ಲ, ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯನ್ನು ಹಾಡಿ ಕರೆಯುವ ನೀಲಗಾರರ ತಂಬೂರಿ ನಿಲ್ಲಲಿಲ್ಲ.

ಈ ಪಟ್ಟಿಯನ್ನು ಯಾರಾದರೂ ಕೇಳಿದರೆ ನಾನು ಹಾಗೇ ನಕಲು ಮಾಡಿ ಕೊಡುವುದಿಲ್ಲ. ಕೊಟ್ಟರೆ ಅದು ಅವರಿಗೆ ಬರೀ ಕೇಳುವ ಹಾಡಾಗುತ್ತದೆ. ನಿಮ್ಮ ಗಂಟಲಿಗೆ ಎಟುಕುವ, ಪಲ್ಲವಿ ಬೇಗ ಬೇಗ ಮರಳಿ ಬರುವ, ಪಕ್ಕದಲ್ಲಿ ಕುಳಿತವರಿಗೂ ಗೊತ್ತಿರುವ ಹಾಡುಗಳನ್ನು ನೀವೇ ಹುಡುಕಿಕೊಳ್ಳಿ ಎನ್ನುತ್ತೇನೆ. ಹುಡುಕಾಟ ಮನೆಯಿಂದಲೇ ಶುರುವಾಗಲಿ. ನಾಟಿ ಗದ್ದೆಯಲ್ಲಿ, ಸೋಬಾನೆಯಲ್ಲಿ, ಪರಸೆಯ ದಾರಿಯಲ್ಲಿ ಯಾವುದಕ್ಕೆ ಸೊಲ್ಲು ಹೇಳುತ್ತಿದ್ದಿರಿ ಎಂದು ಅಮ್ಮನನ್ನೋ ಅತ್ತೆಯನ್ನೋ ಕೇಳಿ. ಅವರು ಹೇಳಿಕೊಟ್ಟ ಆ ಒಂದು ಹಾಡು ಪಟ್ಟಿಯಲ್ಲಿರಲಿ, ಆ ಹಾಡು ಬಂದಾಗ ಅವರೂ ಜೊತೆಯಲ್ಲಿರಲಿ. ಮನಸ್ಸು ಎತ್ತುವ ಶಕ್ತಿ ಹಾಡಿನಲ್ಲಿ ಅರ್ಧ ಇದ್ದರೆ ಮಿಕ್ಕ ಅರ್ಧ ಸೊಲ್ಲು ಕೊಡುವವರಲ್ಲಿ ಇದೆ.